ತಲೆಕಟ್ಟು ತಿದ್ದಿದ ಕೈಗೆ ತಜ್ಞರ ಸಭೆಯಲ್ಲೇನು ಕೆಲಸ?

ಕಳೆದ ಸಂಚಿಕೆಯಲ್ಲಿ ಜಾಗತಿಕ ಅಂತರ್ಜಾಲ ಆಡಳಿತವನ್ನು ರೂಪಿಸುತ್ತಿರುವ ತಜ್ಞರ ಕುರಿತು ಆರು ಪುಟಗಳ ಲೇಖನ ಪ್ರಕಟಿಸಿದ್ದೆವು. ಅದನ್ನು ಓದಿ ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಹಾಳೆಯ ಪತ್ರ ಬರೆದಿದ್ದಾರೆ. ಅವರ ಮನೆಗೆ ಪಾಠಕ್ಕೆ ಬರುವ ಎಂಟನೆಯ ತರಗತಿಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ ಒಟಿಪಿಗಾಗಿ ನಿಂತುಹೋಗಿದೆ. ಅರ್ಜಿಗೆ ಜೋಡಿಸಿದ ಮೊಬೈಲ್ ಇರುವುದು ತಂದೆಯ ಕಿಸೆಯಲ್ಲಿ, ತಂದೆ ಇರುವುದು ಪುಣೆಯ ಕಟ್ಟಡವೊಂದರ ಕೆಲಸದಲ್ಲಿ. ಹುಡುಗಿ ಸೇವಾ ಕೇಂದ್ರದಲ್ಲಿ ಕೂತಿರುವಾಗ ಅವರು ಫೋನ್ ಎತ್ತುವಂತಿಲ್ಲ. ಸಂಜೆ ಅವರು ಎತ್ತುವ ಹೊತ್ತಿಗೆ ಕೇಂದ್ರಕ್ಕೆ ಬೀಗ ಬಿದ್ದಿರುತ್ತದೆ. ಹೀಗೆ ಮೂರು ಸಲ ಆಗಿದೆ. ‘ಈ ತಜ್ಞರನ್ನು ಆರಿಸಿದವರು ಯಾರು? ಅವರಲ್ಲಿ ಒಬ್ಬರಾದರೂ ಆ ಕೇಂದ್ರದ ಕಟ್ಟೆಯ ಮೇಲೆ ಅರ್ಧ ದಿನ ಕೂತಿದ್ದಾರೆಯೇ? ಆ ಆರು ಪುಟಗಳಲ್ಲಿ ತೊಗರಿ ದರದ ವಿಷಯ ಬರೆಯಬಹುದಿತ್ತಲ್ಲ?’ ಎಂದು ಕೇಳಿದ್ದಾರೆ.

ಮಾನ್ಯ ಅಕ್ಕನವರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದ್ದೇವೆ. ನಾನು ಎರಡು ಸಲ ಓದಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ಆ ಲೇಖನವನ್ನು ಹಾಕಿದ್ದು ತಪ್ಪೆಂದು ನನಗೆ ಅನ್ನಿಸಿಲ್ಲ. ಏಕೆಂದು ಸಾವಧಾನವಾಗಿ ಹೇಳಲು ಅವಕಾಶ ಕೊಡಿ.

ಮೊದಲ ಪ್ರಶ್ನೆಗೆ ನೇರ ಉತ್ತರ: ಅವರನ್ನು ಯಾರೂ ಆರಿಸಿಲ್ಲ. ಅಂತರ್ಜಾಲದ ಆರಂಭದ ದಿನಗಳಲ್ಲಿ ಜಾಲದಲ್ಲಿ ಯಾವ ಕಂಪ್ಯೂಟರಿನ ಹೆಸರಿಗೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ ನೋಡಿಕೊಳ್ಳುತ್ತಿದ್ದರು. ಜೊತೆಯ ಎಂಜಿನಿಯರುಗಳು ಅವರನ್ನು ನಂಬಿದ್ದರು, ಅಷ್ಟೇ ಅವರ ಅಧಿಕಾರ. ಊರ ಲೆಕ್ಕ ಬರೆಯುವ ಹಿರಿಯರೊಬ್ಬರನ್ನು ಊರೇ ನಂಬುವ ಹಾಗೆ. 1998ರಲ್ಲಿ ಆ ಕೆಲಸಕ್ಕೆ ಐಕ್ಯಾನ್ ಎಂಬ ಸಂಸ್ಥೆ ಹುಟ್ಟಿತು. ಪೋಸ್ಟೆಲ್ ಅದೇ ವರ್ಷ ತೀರಿಕೊಂಡರು. ಆದರೆ ಮೇಲ್ವಿಚಾರಣೆ ಅಮೆರಿಕದ ವಾಣಿಜ್ಯ ಇಲಾಖೆಯ ಕೈಯಲ್ಲೇ ಉಳಿಯಿತು. ಇಡೀ ಜಗತ್ತಿನ ಹೆಸರಿನ ಪಟ್ಟಿ ಒಂದು ದೇಶದ ಒಂದು ಇಲಾಖೆಯ ಅಧೀನದಲ್ಲಿ ಏಕಿರಬೇಕು ಎಂದು 2003ರಲ್ಲಿ ಜಿನೀವಾದ ವಿಶ್ವಸಂಸ್ಥೆ ಶೃಂಗಸಭೆಯಲ್ಲಿ ಹಲವು ದೇಶಗಳು ಕೇಳಿದವು. ಉತ್ತರ ಹುಡುಕಲು ನಲವತ್ತು ಜನರ ಒಂದು ಕಾರ್ಯತಂಡ ಮಾಡಿದರು. ಅದರ ಅಧ್ಯಕ್ಷರು ನಮ್ಮ ದೇಶದ ಅರ್ಥಶಾಸ್ತ್ರಜ್ಞ ನಿತಿನ್ ದೇಸಾಯಿ. ಸರ್ಕಾರಗಳು, ಕಂಪನಿಗಳು, ಜನಸಂಘಟನೆಗಳು ಮೂವರೂ ತಮ್ಮ ತಮ್ಮ ಪಾತ್ರದಲ್ಲಿ ಸೇರಿ ನಿಯಮ ರೂಪಿಸುವುದೇ ಅಂತರ್ಜಾಲ ಆಡಳಿತ ಎಂದು 2005ರಲ್ಲಿ ಆ ತಂಡ ಹೇಳಿತು. ಅದೇ ವರ್ಷ ಟ್ಯುನಿಸ್‌ನಲ್ಲಿ ನಡೆದ ಶೃಂಗಸಭೆ, ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಮಾತನಾಡುವ ಅಂತರ್ಜಾಲ ಆಡಳಿತ ವೇದಿಕೆಯನ್ನು ಸ್ಥಾಪಿಸಬೇಕೆಂದು ಒಪ್ಪಿತು. ಯಾರನ್ನೂ ಕಟ್ಟಿಹಾಕುವ ನಿಯಮ ಮಾಡುವ ಅಧಿಕಾರ ಆ ವೇದಿಕೆಗಿಲ್ಲ. ಅಲ್ಲಿ ಮಾತು ಮಾತ್ರ. ಆದರೆ ಅಲ್ಲಿ ಬಳಕೆಗೆ ಬಂದ ಮಾತು ಕೆಲವು ವರ್ಷಗಳ ನಂತರ ದೆಹಲಿಯ ಕಡತಗಳಲ್ಲಿ ಕಾಣಿಸಿಕೊಳ್ಳುವುದುಂಟು.

‘ಯಾರು ಆರಿಸಿದರು’ ಎಂಬ ನಿಮ್ಮ ಪ್ರಶ್ನೆಯನ್ನು ಆ ಸಭೆಗಳ ಒಳಗೇ ಕೂತು ವರ್ಷಗಟ್ಟಲೆ ಕೇಳಿದವರಿದ್ದಾರೆ, ಅದೂ ನಮ್ಮ ರಾಜ್ಯದಿಂದಲೇ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಅನಿತಾ ಗುರುಮೂರ್ತಿ ಮತ್ತು ಪರ್ಮಿಂದರ್ ಜೀತ್ ಸಿಂಗ್ ಅವರ ವಾದ ಇದು: ಮೂವರೂ ಸಮಾನರು ಎಂದು ಒಂದೇ ಮೇಜಿನ ಸುತ್ತ ಕೂರಿಸಿದರೆ, ಕೋಟ್ಯಂತರ ಡಾಲರಿನ ಕಂಪನಿಯೂ ಕಾಸಿಲ್ಲದ ಸಂಘವೂ ಸಮಾನವಾಗಿಬಿಡುವುದಿಲ್ಲ. ಲಾಭ ಯಾರಿಗೋ ಅವರೇ ನಿಯಮ ಬರೆಯುವಂತಾದರೆ ಅದು ಪ್ರಜಾಪ್ರಭುತ್ವವಲ್ಲ. ನಾನು ಈ ವಾದದ ಕಡೆಯವನು. ಜೊತೆಗೆ ಇನ್ನೊಂದು ಭಯವೂ ನನಗಿದೆ: ಎಲ್ಲವನ್ನೂ ಸರ್ಕಾರಗಳ ಕೈಗೆ ಕೊಟ್ಟರೆ, ಬೇಕೆಂದಾಗ ಇಂಟರ್ನೆಟ್ ನಿಲ್ಲಿಸುವ ಸರ್ಕಾರಗಳೇ ಅಲ್ಲಿ ಹೆಚ್ಚು ಕೂರುತ್ತವೆ. ಈ ಎರಡು ಭಯಗಳ ನಡುವೆಯೇ ಆ ಸಭೆಗಳು ಇಪ್ಪತ್ತು ವರ್ಷ ನಡೆದಿವೆ.

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ವೇದಿಕೆಯ ಮೂರನೆಯ ಸಭೆ 2008ರ ಡಿಸೆಂಬರ್ 3ರಿಂದ 6ರವರೆಗೆ ನಡೆದದ್ದು ಹೈದರಾಬಾದಿನಲ್ಲಿ. ಮುಂಬೈ ದಾಳಿ ನಡೆದು ವಾರವಷ್ಟೇ ಆಗಿತ್ತು, ಆದರೂ ಸಭೆ ನಿಲ್ಲಲಿಲ್ಲ. ‘ಎಲ್ಲರಿಗೂ ಅಂತರ್ಜಾಲ’ ಎಂಬುದು ಅದರ ಘೋಷವಾಕ್ಯ. ಮೊದಲ ದಿನದ ಚರ್ಚೆಗಳಲ್ಲೊಂದು ಬಹುಭಾಷೆಯ ಅಂತರ್ಜಾಲದ ಬಗ್ಗೆ. ನಾನು ಆಗ ಗುಲ್ಬರ್ಗದಲ್ಲಿ ದಿನಪತ್ರಿಕೆಯೊಂದರ ವರದಿಗಾರ. ವಾಡಿ, ತಾಂಡೂರು ದಾಟಿದರೆ ಹೈದರಾಬಾದು. ನಮ್ಮ ಅಜ್ಜಂದಿರು ಹೈಕೋರ್ಟಿನ ಕೆಲಸಕ್ಕೂ ದೊಡ್ಡ ಆಸ್ಪತ್ರೆಗೂ ಹೋಗುತ್ತಿದ್ದ ಊರು. ನಾನು ಹೋಗಲಿಲ್ಲ. ಹೋಗಬೇಕು ಎಂದು ಹೊಳೆಯಲೂ ಇಲ್ಲ. 2016ರ ನವೆಂಬರಿನಲ್ಲಿ ಐಕ್ಯಾನ್ ಸಭೆಯೂ ಅದೇ ಊರಿನಲ್ಲಿ ನಡೆಯಿತು. ಅಮೆರಿಕ ಸರ್ಕಾರದ ಮೇಲ್ವಿಚಾರಣೆ ಆ ಸೆಪ್ಟೆಂಬರ್ ಕೊನೆಗೆ ಮುಗಿದ ಮೇಲೆ ನಡೆದ ಮೊದಲ ಸಭೆ ಅದು. ಅದು ನಡೆಯುತ್ತಿರುವಾಗಲೇ 8ನೇ ತಾರೀಖಿನ ರಾತ್ರಿ ನೋಟು ರದ್ದಾಯಿತು. ಒಂದು ದಿನ ಮುಚ್ಚಿದ್ದ ಬ್ಯಾಂಕು 10ರಂದು ತೆರೆದಾಗ ನಾವೆಲ್ಲ ಅದರ ಮುಂದೆ ಸಾಲುಗಟ್ಟಿದೆವು, ಆ ಸಭೆಯ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಸಲ ಜಗತ್ತು ನಮ್ಮ ಹೊಸ್ತಿಲ ಪಕ್ಕಕ್ಕೆ ಬಂದು ಹೋಯಿತು. ತಜ್ಞರು ನಮ್ಮ ಕಟ್ಟೆಗೆ ಬರಲಿಲ್ಲ ಎಂಬುದು ಸರಿ. ನಾವೂ ಅವರ ಸಭೆಗೆ ಹೋಗಲಿಲ್ಲ ಎಂಬುದನ್ನು ನಾನು ಮರೆಯಲಾರೆ.

ಹೋಗಿ ಮಾಡುವುದೇನಿತ್ತು ಎನ್ನುತ್ತೀರಿ. ಅದಕ್ಕೆ ನಿಮ್ಮ ಕೈಬರಹವೇ ಉತ್ತರ. ಪತ್ರದ ಮೂರನೆಯ ಹಾಳೆಯಲ್ಲಿ ನೀವು ಮಾತಿನ ನಡುವೆ ಒಂದು ಮಾತು ಬರೆದಿದ್ದೀರಿ: ಗಡಿಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಕಾಪಿಯಲ್ಲಿ ತಲೆಕಟ್ಟು ತಿದ್ದುವುದೇ ದೊಡ್ಡ ಕೆಲಸವಾಗಿತ್ತು, ಮನೆಯಲ್ಲಿ ತೆಲುಗು ನೋಡಿದ ಮಕ್ಕಳು ಕನ್ನಡದ ‘ಗ’ ಬರೆದು ಮೇಲೆ ತೆಲುಗಿನ ಗೀಟು ಎಳೆಯುತ್ತಿದ್ದರು ಎಂದು. ಅಕ್ಕನವರೇ, ನಿಮ್ಮ ಕೆಂಪು ಶಾಯಿಯ ಆ ಕೆಲಸವನ್ನೇ ಐಕ್ಯಾನ್‌ನ ತಜ್ಞರ ತಂಡವೊಂದು ವರ್ಷಗಟ್ಟಲೆ ಮಾಡಿತು.

ವೆಬ್‌ಸೈಟಿನ ಹೆಸರನ್ನು ಕನ್ನಡದಲ್ಲೇ ಬರೆಯುವಂತಾಗಬೇಕಾದರೆ, ಯಾವ ಅಕ್ಷರಕ್ಕೆ ಅವಕಾಶ, ಯಾವುದರ ಮುಂದೆ ಯಾವುದು ಬರಬಹುದು ಎಂದು ಮೊದಲು ನಿಯಮ ಬರೆಯಬೇಕು. ಬರೀ ಒತ್ತಕ್ಷರದಿಂದಲೋ ಕಾಗುಣಿತದ ಚಿಹ್ನೆಯಿಂದಲೋ ಹೆಸರು ಶುರುವಾಗುವಂತಿಲ್ಲ. ಇದು ನಮಗೆ ಒಂದನೆಯ ತರಗತಿಯ ಪಾಠ, ಕಂಪ್ಯೂಟರಿಗೆ ಹೇಳಿಕೊಟ್ಟ ಹೊರತು ತಿಳಿಯದು. ಬ್ರಾಹ್ಮಿಯಿಂದ ಬಂದ ಒಂಬತ್ತು ಲಿಪಿಗಳಿಗೆ ಒಂದೇ ತಂಡ ಈ ಕೆಲಸಕ್ಕೆ ಕೂತಿತು. ಕನ್ನಡದಲ್ಲಿ ನಿಜವಾದ ಕಷ್ಟ ಬಂದದ್ದು ನಿಮ್ಮ ಗಡಿಯಲ್ಲೇ. ಜ, ಬ, ಲ, ಣ ಮೊದಲಾದ ಅಕ್ಷರಗಳು ಕನ್ನಡ, ತೆಲುಗು ಎರಡರಲ್ಲೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿಗೆ ಮಾತ್ರ ಅವು ಪೂರಾ ಬೇರೆ ಬೇರೆ ಸಂಕೇತಗಳು. ಹಾಗಿದ್ದರೆ ಕನ್ನಡ ಅಕ್ಷರಗಳಲ್ಲಿ ಬ್ಯಾಂಕಿನ ಹೆಸರನ್ನು ಬ್ಯಾಂಕೇ ಪಡೆಯಬಹುದು, ಅದೇ ರೂಪದ ತೆಲುಗು ಅಕ್ಷರಗಳನ್ನು ಜೋಡಿಸಿ ವಂಚಕನೊಬ್ಬ ಇನ್ನೊಂದನ್ನು ಪಡೆಯಬಹುದು. ನೋಡುವವರಿಗೆ ಎರಡೂ ಒಂದೇ. ಆದ್ದರಿಂದ ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರನ್ನು ಎರಡು ಲಿಪಿಗಳಲ್ಲಿ ಇಬ್ಬರಿಗೆ ಹಂಚಬಾರದೆಂಬ ನಿಯಮ ಬಂತು. ವಿಳಾಸದ ಕೊನೆಯ ಭಾಗಕ್ಕೆ, ಅಂದರೆ ‘ಡಾಟ್’ ಆದ ಮೇಲೆ ಬರುವ ತುದಿಗೆ, ಕನ್ನಡದ ಈ ನಿಯಮಗಳು 2019ರಲ್ಲಿ ಜಾರಿಗೆ ಬಂದವು.

ಯಾವ ಅಕ್ಷರ ಯಾವುದರ ಹಾಗೆ ಕಾಣುತ್ತದೆ, ಮಕ್ಕಳು ಎಲ್ಲಿ ಎಡವುತ್ತಾರೆ, ವಯಸ್ಸಾದವರ ಕಣ್ಣಿಗೆ ಯಾವ ಗೀಟು ತಪ್ಪಿಹೋಗುತ್ತದೆ ಎಂಬುದನ್ನು ಬಲ್ಲವರು ಗುರುಮಠಕಲ್ಲು, ಸೇಡಂಗಳ ಶಿಕ್ಷಕರಿಗಿಂತ ಹೆಚ್ಚು ಯಾರಿದ್ದಾರೆ? ಆ ಕರಡನ್ನು ಮುಗಿಸುವ ಮೊದಲು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿದ್ದರು. ನಮ್ಮ ಪತ್ರಿಕೆ ಅದರ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ, ಆದ್ದರಿಂದ ಸುದ್ದಿ ನಿಮ್ಮವರೆಗೆ ಬರಲಿಲ್ಲ. ಕಳೆದ ಸಂಚಿಕೆಯ ಆರು ಪುಟಗಳು ಆ ಸಾಲದ ಒಂದು ಕಂತು.

ತೊಗರಿಯ ಮಾತಿಗೂ ಬರುತ್ತೇನೆ. 2015ರ ಮಾರ್ಚಿನಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಇಂಟರ್ನೆಟ್ಟಿನ ಕೆಲವು ಸೇವೆಗಳಿಗೆ ಬೇರೆ ದರ, ಬೇರೆ ನಿಯಮ ಇರಬಹುದೇ ಎಂಬುದು ಅದರ ವಿಷಯ. ಕೆಲವು ವೆಬ್‌ಸೈಟುಗಳನ್ನು ಬಡವರಿಗೆ ಉಚಿತವಾಗಿ ತೋರಿಸುತ್ತೇವೆ ಎಂದು ಫೇಸ್‌ಬುಕ್ ಕೂಡ ‘ಫ್ರೀ ಬೇಸಿಕ್ಸ್’ ಹೆಸರಿನಲ್ಲಿ ಮುಂದೆ ಬಂತು. ಕೇಳಲು ಬಹಳ ಹಿತವಾದ ಮಾತು. ಆದರೆ ಯೋಚಿಸಿ: ರೈತನ ಮೊಬೈಲಿನಲ್ಲಿ ಒಬ್ಬ ವ್ಯಾಪಾರಿಯ ದರಪಟ್ಟಿ ಪುಕ್ಕಟೆ ತೆರೆಯುತ್ತದೆ, ಎಪಿಎಂಸಿಯ ದರ ನೋಡಲು ಮಾತ್ರ ದುಡ್ಡು ಕೊಡಬೇಕು ಎಂದಾದರೆ ಆತ ತೊಗರಿಯನ್ನು ಯಾರ ದರಕ್ಕೆ ಮಾರುತ್ತಾನೆ? ಆಗ ದೇಶದ ಸಾಮಾನ್ಯ ಜನ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಕಳುಹಿಸಿದರು. 2016ರ ಫೆಬ್ರುವರಿ 8ರಂದು, ನೋಡುವ ವಿಷಯವನ್ನು ಆಧರಿಸಿ ಡೇಟಾಗೆ ಬೇರೆ ಬೇರೆ ದರ ಹಾಕುವುದನ್ನು ಟ್ರಾಯ್ ನಿಷೇಧಿಸಿತು. ನೀವು ಕೇಳಿದ ತೊಗರಿ ದರದ ಲೇಖನವೂ ಅಂತರ್ಜಾಲ ಆಡಳಿತದ ಲೇಖನವೂ ನನ್ನ ಮೇಜಿನ ಮೇಲೆ ಒಂದರ ಪಕ್ಕ ಒಂದು ಇರುವುದು ಇದಕ್ಕೇ.

ಈಗ ಒಟಿಪಿ. ಇದು ನಿಮ್ಮ ಪತ್ರದ ಹೃದಯ, ನನ್ನ ಉತ್ತರದ ಅತ್ಯಂತ ಕಷ್ಟದ ಭಾಗ. ಆ ಹುಡುಗಿಯ ಅರ್ಜಿ ನಿಂತಿರುವುದು ಜಿನೀವಾದಲ್ಲಿ ಅಲ್ಲ. ಒಬ್ಬ ಮನುಷ್ಯನಿಗೆ ಒಂದು ಫೋನು, ಆ ಫೋನು ಸದಾ ಅವನ ಪಕ್ಕದಲ್ಲಿ ಎಂದು ನಂಬಿದವರು ನಮ್ಮ ಇಲಾಖೆಗಳಲ್ಲಿ, ಅವರಿಗೆ ತಂತ್ರಾಂಶ ಬರೆದುಕೊಟ್ಟ ಕೋಣೆಗಳಲ್ಲಿ ಇದ್ದಾರೆ. ವರ್ಷದಲ್ಲಿ ಆರು ತಿಂಗಳು ದುಡಿಮೆಗೆ ಪುಣೆ, ಮುಂಬೈ, ಬೆಂಗಳೂರು ಸೇರುವ ಯಾದಗಿರಿಯ ಕುಟುಂಬ ಆ ನಂಬಿಕೆಯೊಳಗೆ ಹಿಡಿಯುವುದಿಲ್ಲ. ತಾಂಡಾಗಳಲ್ಲಂತೂ ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಮಕ್ಕಳು ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ದೇಶದಲ್ಲಿ ನೂರಕ್ಕೆ 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಇದು ದೇಶದ ಸರಾಸರಿ. ಸರಾಸರಿಯೊಳಗೆ ನಮ್ಮ ಭಾಗ ಹೇಗೆ ಕಾಣದಂತಾಗುತ್ತದೆ ಎಂಬುದನ್ನು ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕುವಾರು ಲೆಕ್ಕ ಹಾಕಿ ತೋರಿಸಿತ್ತು. ರಸ್ತೆ, ಶಾಲೆ, ಆಸ್ಪತ್ರೆಗಳನ್ನು ತಾಲ್ಲೂಕಿನಿಂದ ಎಣಿಸುವುದನ್ನು ನಾವು ಆ ವರದಿಯಿಂದ ಕಲಿತೆವು. ಫೋನು ಯಾರ ಕೈಯಲ್ಲಿದೆ ಎಂಬುದನ್ನೂ ಹಾಗೆಯೇ ಎಣಿಸಬೇಕು.

ಜಾಗತಿಕ ತಜ್ಞರಿಂದ ನಮಗೆ ಸಿಕ್ಕ ಉಪಕಾರ ಇಲ್ಲಿದೆ. ಸಿಗ್ನಲ್ ಇದ್ದರೆ ಸಾಲದು. ಸ್ಮಾರ್ಟ್‌ಫೋನು, ಸಾಕಷ್ಟು ವೇಗ, ಮನೆಯಲ್ಲೋ ಶಾಲೆಯಲ್ಲೋ ಕೆಲಸದ ಜಾಗದಲ್ಲೋ ಮಿತಿಯಿಲ್ಲದ ಸಂಪರ್ಕ, ದಿನನಿತ್ಯದ ಬಳಕೆ ಈ ನಾಲ್ಕೂ ಇದ್ದಾಗ ಮಾತ್ರ ಅದು ಅರ್ಥಪೂರ್ಣ ಸಂಪರ್ಕ ಎಂಬ ಅಳತೆಯನ್ನು 2020ರಲ್ಲಿ ಅವರು ಮುಂದಿಟ್ಟರು. 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಜಾಗತಿಕ ಡಿಜಿಟಲ್ ಒಪ್ಪಂದದಲ್ಲೂ ಎಲ್ಲರನ್ನೂ ಅರ್ಥಪೂರ್ಣವಾಗಿ ಜೋಡಿಸುವ ಮಾತಿದೆ, ಶಾಲೆಗಳನ್ನು ಜೋಡಿಸುವ ಮಾತೂ ಇದೆ. ಶಾಲೆಗೆ ತಂತಿ ಬಂದ ಮಾತ್ರಕ್ಕೆ ಪುಣೆಯ ಒಟಿಪಿ ಬರುವುದಿಲ್ಲ, ನಿಜ. ಆದರೆ ಇಲಾಖೆಯ ಮುಂದೆ ವಾದಿಸುವಾಗ ‘ನೀವು ಒಪ್ಪಿಕೊಂಡ ಮಾತು ಇದು’ ಎಂದು ತೋರಿಸಲು ಒಂದು ಕಾಗದ ಕೈಗೆ ಸಿಕ್ಕಿದೆ.

ಅದಕ್ಕಿಂತ ಬಲವಾದ ಕಾಗದ ನಮ್ಮ ಸುಪ್ರೀಂ ಕೋರ್ಟಿನದು. ಆಸಿಡ್ ದಾಳಿಗೆ ಒಳಗಾದವರು ಬ್ಯಾಂಕಿನ ಇ-ಕೆವೈಸಿಗೆ, ಅಂದರೆ ಆನ್‌ಲೈನಿನಲ್ಲಿ ಗುರುತು ಖಚಿತಪಡಿಸಲು, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಹೊರಗುಳಿದಿದ್ದರು. ದೃಷ್ಟಿಯಿಲ್ಲದವರದೂ ಅದೇ ಪಾಡು. 2025ರ ಏಪ್ರಿಲ್ 30ರಂದು ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಯಂತ್ರಕ್ಕೆ ತಕ್ಕಂತೆ ಮನುಷ್ಯರು ಬಗ್ಗಬೇಕೆಂಬ ಹಟವನ್ನು ಆ ತೀರ್ಪು ಮುರಿದಿದೆ ಎಂದೇ ನಾನು ಓದಿಕೊಂಡಿದ್ದೇನೆ. ಕಣ್ಣು ಮಿಟುಕಿಸಲಾಗದವರಿಗೆ ಬೇರೆ ದಾರಿ ಬೇಕಾದರೆ, ತಂದೆ ದೂರದಲ್ಲಿರುವ ಮಗುವಿಗೂ ಬೇರೆ ದಾರಿ ಬೇಕು: ಮುಖ್ಯೋಪಾಧ್ಯಾಯರ ದೃಢೀಕರಣವಾಗಲಿ, ತಾಯಿಯ ಹೆಬ್ಬೆಟ್ಟಾಗಲಿ.

ನೀವು ಅಲ್ಲಿನ ಶಿಕ್ಷಕರೊಂದಿಗೆ ಕೂತು ಒಂದು ಪಟ್ಟಿ ಮಾಡಿಕೊಡುವಿರಾ? ಮಕ್ಕಳ ಹೆಸರು ಬೇಡ, ಫೋನ್ ನಂಬರೂ ಬೇಡ. ಯಾವ ತರಗತಿ, ಒಟಿಪಿ ಬರುವ ಫೋನು ಯಾವ ಊರಿನಲ್ಲಿದೆ, ಎಷ್ಟು ಸಲ ಸೇವಾ ಕೇಂದ್ರಕ್ಕೆ ಅಲೆದರು, ಪ್ರತಿ ಸಲ ಎಷ್ಟು ದುಡ್ಡು ಕೊಟ್ಟರು, ಇಷ್ಟೇ ಸಾಕು. ಸೇಡಂ, ಚಿಂಚೋಳಿ, ಔರಾದ್, ಶಹಾಪುರ ಕಡೆಯ ಓದುಗ ಶಿಕ್ಷಕರೂ ಇದೇ ರೀತಿ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ಬಂದಷ್ಟನ್ನೂ ಕನ್ನಡದಲ್ಲೇ ಅಚ್ಚು ಮಾಡುತ್ತೇವೆ. ಸಂಬಂಧಪಟ್ಟ ಇಲಾಖೆಗೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಪ್ರತಿ ಕೊಡುತ್ತೇವೆ, ಕೊಟ್ಟ ತಾರೀಖನ್ನೂ ಬಂದ ಉತ್ತರವನ್ನೂ ಪ್ರಕಟಿಸುತ್ತೇವೆ. ಇಂಗ್ಲಿಷಿಗೆ ಅನುವಾದಿಸಿ ಬೆಂಗಳೂರು, ದೆಹಲಿಗಳಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುವ ಸಂಸ್ಥೆಗಳಿಗೆ ಕಳುಹಿಸುವ ಹೊಣೆಯೂ ನಮ್ಮದೇ.

ತೊಗರಿ ದರದ ಲೇಖನ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅದಕ್ಕೂ ಮೊದಲು ಒಂದು ಮಾತು. ಪುಣೆಯ ಆ ತಂದೆಗೆ ವಾರದ ರಜೆ ಯಾವ ದಿನ ಎಂದು ಕೇಳಿ ನೋಡಿ. ಆ ದಿನ ಸೇವಾ ಕೇಂದ್ರ ತೆರೆದಿದ್ದರೆ ಹುಡುಗಿಯನ್ನು ಕರೆದುಕೊಂಡು ಹೋಗಲು ನಿಮಗೆ ಸಾಧ್ಯವೇ? ತೆರೆದಿರದಿದ್ದರೆ ತಿಳಿಸಿ, ನಮ್ಮ ಯಾದಗಿರಿ ವರದಿಗಾರರು ನಿಮ್ಮಲ್ಲಿಗೆ ಬಂದು, ನಿಮ್ಮ ಜೊತೆಗೇ ಅಧಿಕಾರಿಗಳನ್ನು ಕಾಣುತ್ತಾರೆ. ಅರ್ಜಿ ಸ್ವೀಕಾರವಾಯಿತೋ ಇಲ್ಲವೋ ಎಂದು ಒಂದು ಕಾರ್ಡಾದರೂ ಬರೆಯಿರಿ.

ಸಂಪಾದಕ