ಸರ್ಕಾರ ಬದಲಾದರೂ ಬದಲಾಗದ ಬೇಸರ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಳುವ ಪಕ್ಷದ ಮೇಲಿನ ಸಿಟ್ಟು ಮತ್ತು ಮತದಾನದ ಬಗೆಗಿನ ನಿರಾಸೆಯನ್ನು ಕುರಿತು ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 1985ರ ನಂತರ ಕರ್ನಾಟಕದಲ್ಲಿ ಅಧಿಕಾರದಲ್ಲಿದ್ದ ಯಾವ ಪಕ್ಷಕ್ಕೂ ಮರುಚುನಾವಣೆಯಲ್ಲಿ ಬಹುಮತ ಸಿಕ್ಕಿಲ್ಲ. ಇದನ್ನು ಮತದಾರರ ಜಾಣ್ಮೆ ಎಂದು ಹೊಗಳುವವರಿದ್ದಾರೆ. ನನಗೆ ಮಾತ್ರ ಇದು ಜಿಗುಪ್ಸೆಯಂತೆ ಕಾಣುತ್ತದೆ. ‘ಯಾರು ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ’ ಎಂಬ ಮಾತನ್ನು ನಮ್ಮೂರಿನ ಅರಳಿಕಟ್ಟೆಯಲ್ಲಿ ದಿನವೂ ಕೇಳುತ್ತೇನೆ. ತಮ್ಮ ಅಭಿಪ್ರಾಯವೇನು? (ತಿಪಟೂರಿನಿಂದ)

ಉತ್ತರ: ಜಿಗುಪ್ಸೆ ಬಂದವನು ಮತಗಟ್ಟೆಗೆ ಹೋಗುವುದಿಲ್ಲ. ನಮ್ಮ ರಾಜ್ಯದಲ್ಲಿ ನಡೆದಿರುವುದು ಅದಕ್ಕೆ ವಿರುದ್ಧವಾದದ್ದು. 2008ರ ವಿಧಾನಸಭಾ ಚುನಾವಣೆಯಲ್ಲಿ ಶೇ 65ರಷ್ಟಿದ್ದ ಮತದಾನ 2013ರಲ್ಲಿ ಶೇ 71ನ್ನೂ 2018ರಲ್ಲಿ ಶೇ 72ನ್ನೂ ದಾಟಿ, 2023ರಲ್ಲಿ ಶೇ 73ನ್ನು ಮೀರಿತು. ಅಂದರೆ ನಿಮ್ಮೂರಿನ ಅರಳಿಕಟ್ಟೆಯಲ್ಲಿ ಕೂತು ‘ಎಲ್ಲರೂ ಅಷ್ಟೇ’ ಎನ್ನುವವರು ಮತದಾನದ ದಿನ ಬೆಳಿಗ್ಗೆ ತಪ್ಪದೆ ಸಾಲಿನಲ್ಲಿ ನಿಲ್ಲುತ್ತಿದ್ದಾರೆ. ಅವರ ಮಾತನ್ನು ನಂಬುವುದಕ್ಕಿಂತ ಅವರ ನಡೆಯನ್ನು ನಂಬುವುದು ಮೇಲು ಎಂದು ನಮಗೆ ತೋರುತ್ತದೆ.

ನೀವು ಉಲ್ಲೇಖಿಸಿರುವ 1985ರ ಕಥೆಯನ್ನೇ ತುಸು ವಿವರವಾಗಿ ನೆನಪಿಸಿಕೊಳ್ಳೋಣ. 1984ರ ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ಹೋದವು. ಅದರ ನೈತಿಕ ಹೊಣೆ ಹೊತ್ತು ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. ಕೆಲವೇ ವಾರಗಳ ಹಿಂದೆ ದೆಹಲಿಗೆ ಕಾಂಗ್ರೆಸ್ಸಿಗರನ್ನು ಕಳುಹಿಸಿದ್ದ ಅದೇ ಮತದಾರರು 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ಅಷ್ಟು ಸೂಕ್ಷ್ಮವಾಗಿ ತೂಗಿ ನೋಡಬಲ್ಲವರನ್ನು ಕುರುಡು ಕೋಪದವರು ಎನ್ನುವುದು ಕಷ್ಟ.

ಆಮೇಲೆ ಮರಳಿ ಗೆಲ್ಲದವರ ಪಟ್ಟಿಯನ್ನು ನೋಡಿದರೆ ಕುರ್ಚಿಯ ಜಗಳ ಮತ್ತೆ ಮತ್ತೆ ಎದುರಾಗುತ್ತದೆ. 1989ರಲ್ಲಿ 178 ಸ್ಥಾನಗಳ ದೈತ್ಯ ಬಹುಮತ ಪಡೆದ ಕಾಂಗ್ರೆಸ್ ಐದೇ ವರ್ಷಗಳಲ್ಲಿ ವೀರೇಂದ್ರ ಪಾಟೀಲ, ಎಸ್. ಬಂಗಾರಪ್ಪ, ವೀರಪ್ಪ ಮೊಯಿಲಿ ಎಂದು ಮೂವರು ಮುಖ್ಯಮಂತ್ರಿಗಳನ್ನು ಕಂಡು 1994ರಲ್ಲಿ 34 ಸ್ಥಾನಗಳಿಗೆ ಕುಸಿಯಿತು. 2008ರಲ್ಲಿ ಅಧಿಕಾರಕ್ಕೆ ಬಂದ ಬಿಜೆಪಿಯೂ ಬಿ.ಎಸ್. ಯಡಿಯೂರಪ್ಪ, ಡಿ.ವಿ. ಸದಾನಂದ ಗೌಡ, ಜಗದೀಶ ಶೆಟ್ಟರ್ ಎಂದು ಮೂವರನ್ನು ಕೂರಿಸಿ 2013ರಲ್ಲಿ 110ರಿಂದ 40ಕ್ಕೆ ಇಳಿಯಿತು. ಹಾಗೆಂದು ಸ್ಥಿರತೆಯೊಂದೇ ಪಕ್ಷವನ್ನು ಕಾಪಾಡುತ್ತದೆ ಎನ್ನುವಂತೆಯೂ ಇಲ್ಲ. ಐದೂ ವರ್ಷ ಒಬ್ಬರೇ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಸರ್ಕಾರವೂ 2018ರಲ್ಲಿ ಬಹುಮತ ಕಳೆದುಕೊಂಡಿತು; ಸ್ವತಃ ಅವರೇ ಚಾಮುಂಡೇಶ್ವರಿಯಲ್ಲಿ ಸೋತು, ಬಾದಾಮಿಯಲ್ಲಿ ಎರಡು ಸಾವಿರಕ್ಕೂ ಕಡಿಮೆ ಅಂತರದಿಂದ ಗೆದ್ದರು.

ಪ್ರಶ್ನೆ: ಪ್ರತಿ ಸಲ ಆಳುವ ಪಕ್ಷ ಸೋತಾಗಲೂ ‘ಜನ ತಕ್ಕ ಪಾಠ ಕಲಿಸಿದರು’ ಎಂದು ಪತ್ರಿಕೆಗಳು ಬರೆಯುತ್ತವೆ. ಆದರೆ ಪಾಠ ಕಲಿತವರು ಒಬ್ಬರೂ ಕಾಣುವುದಿಲ್ಲವಲ್ಲ? (ಹುಬ್ಬಳ್ಳಿಯಿಂದ, ವ್ಯಾಪಾರಿ)

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಅಂಕಿ-ಅಂಶಗಳ ಸಹಾಯ ಬೇಕು, ಓದುಗರು ತಾಳ್ಮೆಯಿಂದ ನೋಡಬೇಕೆಂದು ಕೋರುತ್ತೇವೆ, ಏಕೆಂದರೆ ನಮ್ಮ ನಿರಾಸೆಯ ಬಹುಪಾಲು ಇಲ್ಲೇ ಅಡಗಿದೆ.

2013ರಲ್ಲಿ ಜನರು ಬಿಜೆಪಿಯನ್ನು ಕಿತ್ತೊಗೆದು ಕಾಂಗ್ರೆಸ್ಸನ್ನು ಅಪ್ಪಿಕೊಂಡರು ಎಂದೇ ಎಲ್ಲರ ನೆನಪು. ಮತಗಳ ಲೆಕ್ಕ ಬೇರೆಯೇ ಇದೆ. ಕಾಂಗ್ರೆಸ್ಸಿನ ಮತಪ್ರಮಾಣ 2008ರಲ್ಲಿ ಶೇ 34.8 ಇದ್ದದ್ದು 2013ರಲ್ಲಿ ಶೇ 36.6 ಆಯಿತು, ಹೆಚ್ಚಿದ್ದು ಶೇಕಡಾ ಎರಡರಷ್ಟೂ ಇಲ್ಲ, ಆದರೆ ಸ್ಥಾನಗಳು 80ರಿಂದ 122ಕ್ಕೆ ಏರಿದವು. ಬಿಜೆಪಿಯ ಮತ ಸುಮಾರು ಶೇ 34ರಿಂದ ಶೇ 20ಕ್ಕೆ ಬಿದ್ದಿತು ನಿಜ, ಆದರೆ ಯಡಿಯೂರಪ್ಪನವರು ಹೊರಬಂದು ಮುನ್ನಡೆಸಿದ ಕರ್ನಾಟಕ ಜನತಾ ಪಕ್ಷಕ್ಕೆ ಶೇ 10ಕ್ಕೆ ಸಮೀಪದ ಮತಗಳೂ, ಬಳ್ಳಾರಿಯ ಬಿ. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ಸಿಗೆ ಇನ್ನೊಂದಷ್ಟು ಮತಗಳೂ ಹೋಗಿದ್ದವು. ಸರ್ಕಾರ ಉರುಳಿದ್ದರಲ್ಲಿ ಗಣಿ ಹಗರಣದ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿ ಹುಟ್ಟಿಸಿದ ಕೋಪದ ಪಾಲೂ ಇತ್ತು, ಮನೆಯೊಡೆದ ಪಾಲೂ ಇತ್ತು. ಎರಡರಲ್ಲಿ ಪಕ್ಷ ಯಾವುದನ್ನು ಸರಿಪಡಿಸಿಕೊಂಡಿತು? 2014ರ ಆರಂಭದಲ್ಲಿ ಯಡಿಯೂರಪ್ಪನವರು ಮರಳಿದರು, ಶ್ರೀರಾಮುಲು ಅವರೂ ಬಂದರು, ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಪಕ್ಷ 28ರಲ್ಲಿ 17 ಸ್ಥಾನ ಗೆದ್ದಿತು. ಪಾಠ ಕಲಿತರು; ಆದರೆ ಮತದಾರ ಕಲಿಸಲು ಹೊರಟದ್ದು ಆಡಳಿತದ ಪಾಠವನ್ನು, ಅವರು ಕಲಿತದ್ದು ಕೂಡಿಸುವ ಕಳೆಯುವ ಲೆಕ್ಕವನ್ನು.

2018ರ ಫಲಿತಾಂಶ ಇನ್ನೂ ವಿಚಿತ್ರ. ಆಳುತ್ತಿದ್ದ ಕಾಂಗ್ರೆಸ್ಸಿನ ಮತಪ್ರಮಾಣ ಶೇ 38ಕ್ಕೆ ಏರಿತು, ಬಿಜೆಪಿಯದ್ದು ಶೇ 36ರ ಆಸುಪಾಸಿನಲ್ಲಿತ್ತು. ಆದರೂ ಬಿಜೆಪಿ 104 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾಯಿತು, ಕಾಂಗ್ರೆಸ್ 80ರ ಹತ್ತಿರ ನಿಂತಿತು. 2004 ಮತ್ತು 2008ರಲ್ಲಿಯೂ ಹೀಗೆಯೇ ಕಾಂಗ್ರೆಸ್ಸಿಗೆ ಮತ ಹೆಚ್ಚು, ಬಿಜೆಪಿಗೆ ಸ್ಥಾನ ಹೆಚ್ಚು ಬಂದಿದ್ದವು. ಒಂದರ ಮತ ಬೀದರಿನಿಂದ ಚಾಮರಾಜನಗರದವರೆಗೆ ತೆಳುವಾಗಿ ಹರಡಿಕೊಂಡಿತ್ತು, ಇನ್ನೊಂದರದ್ದು ಕರಾವಳಿ, ಮಲೆನಾಡು, ಕಿತ್ತೂರು ಕರ್ನಾಟಕಗಳಲ್ಲಿ ಒತ್ತಾಗಿ ಸೇರಿತ್ತು. 2023ರಲ್ಲಿ ಬಿಜೆಪಿ 66ಕ್ಕೆ ಇಳಿದಾಗ ಅದರ ಮತಪ್ರಮಾಣ ಹೆಚ್ಚುಕಡಿಮೆ ಶೇ 36ರಲ್ಲಿಯೇ ಇತ್ತು. ಕುಸಿದದ್ದು ಜೆಡಿಎಸ್ ಮತ, ಶೇ 18ರಿಂದ ಶೇ 13ಕ್ಕೆ, ಲಾಭವಾದದ್ದು ಕಾಂಗ್ರೆಸ್ಸಿಗೆ. ಹೀಗಾಗಿ ‘ಜನ ತಿರಸ್ಕರಿಸಿದರು’ ಎಂದು ನಾವು ಬರೆಯುವಾಗ ಸೋತವರು ತಮ್ಮ ಮತ ತಮ್ಮಲ್ಲೇ ಇದೆಯೆಂದು ಒಳಗೊಳಗೆ ನಿಶ್ಚಿಂತರಾಗಿರುತ್ತಾರೆ. ಇನ್ನೈದು ವರ್ಷಕ್ಕೆ ಸರದಿ ತಾನಾಗಿ ಬರುತ್ತದೆ ಎಂಬ ಈ ಭರವಸೆಯೇ ನಮ್ಮ ರಾಜಕೀಯದ ದೊಡ್ಡ ಸೋಮಾರಿತನ ಎಂಬುದು ನಮ್ಮ ಅಭಿಪ್ರಾಯ. ಸರದಿಗೆ ಕಾಯುವವನಿಗೆ ದುಡಿಯುವ ಅಗತ್ಯ ಕಾಣುವುದಿಲ್ಲ.

ಪ್ರಶ್ನೆ: ನಾವು ಒಂದು ಪಕ್ಷಕ್ಕೆ ಮತ ಹಾಕಿದರೆ ಗೆದ್ದವರು ಇನ್ನೊಂದು ಪಕ್ಷಕ್ಕೆ ಹೋಗುತ್ತಾರೆ. ಮತ್ತೆ ಚುನಾವಣೆ ಬಂದರೆ ಅವರನ್ನೇ ಗೆಲ್ಲಿಸುತ್ತೇವೆ. ತಪ್ಪು ಅವರದ್ದೋ, ನಮ್ಮದ್ದೋ? (ಹುಣಸೂರು ಕಡೆಯ ಓದುಗರು)

ಉತ್ತರ: ನಿಮ್ಮ ತಾಲ್ಲೂಕಿನವರೇ ಈ ಪ್ರಶ್ನೆ ಕೇಳಿರುವುದು ಸೋಜಿಗ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಸಮ್ಮಿಶ್ರ ಸರ್ಕಾರವನ್ನು ಉರುಳಿಸಿದ 17 ಶಾಸಕರನ್ನು ಸಭಾಧ್ಯಕ್ಷರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದರು. ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವರಿಗೆ ಅವಕಾಶ ಕೊಟ್ಟಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ 15 ಸ್ಥಾನಗಳ ಪೈಕಿ 12ನ್ನು ಬಿಜೆಪಿ ಗೆದ್ದಿತು. ಆದರೆ ಬಿಜೆಪಿಯಿಂದ ನಿಂತ ಅನರ್ಹರ ಪೈಕಿ ಹುಣಸೂರಿನಲ್ಲಿ ಎಚ್. ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು. ಪಕ್ಷಾಂತರವನ್ನು ಮತದಾರ ಕ್ಷಮಿಸಿಯೇಬಿಡುತ್ತಾನೆ ಎನ್ನುವ ಮಾತಿಗೆ ನಿಮ್ಮ ಕ್ಷೇತ್ರವೇ ಅಪವಾದ.

ಉಳಿದವರು ಏಕೆ ಗೆದ್ದರು ಎಂದರೆ, ಆಳುವ ಪಕ್ಷದ ಶಾಸಕನಿದ್ದರೆ ಅನುದಾನ ಬರುತ್ತದೆ ಎಂಬ ಲೆಕ್ಕವನ್ನು ಜನರು ಮಾಡುತ್ತಾರೆ. ರಸ್ತೆ, ಕೊಳವೆಬಾವಿ, ಆಸ್ಪತ್ರೆಗೆ ವೈದ್ಯರು, ಎಲ್ಲವೂ ಶಾಸಕರ ಶಿಫಾರಸಿನ ಮೇಲೆ ನಿಂತಿರುವ ರಾಜ್ಯದಲ್ಲಿ ಆ ಲೆಕ್ಕವನ್ನು ಅನೈತಿಕ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಕಾನೂನಿನ ಹೊಣೆಯೂ ಇದೆ: 1985ರಲ್ಲಿ ಬಂದು 2003ರಲ್ಲಿ ಬಿಗಿಯಾದ ಪಕ್ಷಾಂತರ ನಿಷೇಧವನ್ನು ರಾಜೀನಾಮೆಯ ದಾರಿಯಿಂದ ದಾಟಬಹುದೆಂದು ಬೇರೆ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ ಬಿಜೆಪಿಯಿಂದ ಮತ್ತೆ ನಿಲ್ಲಿಸಿದ 2008ರ ನಂತರದ ‘ಆಪರೇಷನ್ ಕಮಲ’ ತೋರಿಸಿಕೊಟ್ಟಿತು, ಆ ಕಿಂಡಿಯನ್ನು ಮುಚ್ಚುವ ಕೆಲಸವನ್ನು ಸಂಸತ್ತು ಮಾಡಲಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಬಹುಮತ ಕಳೆದುಕೊಂಡ ಕಾಂಗ್ರೆಸ್ 2004ರಲ್ಲಿಯೂ 2018ರಲ್ಲಿಯೂ ಜೆಡಿಎಸ್ ಜೊತೆ ಸೇರಿ ಅಧಿಕಾರದಲ್ಲಿ ಉಳಿಯಿತು. ಅದು ಸಂವಿಧಾನಬದ್ಧವೇ, ಆದರೆ ಸೋಲಿಸಿದೆವೆಂದು ಮನೆಗೆ ಹೋದ ಮತದಾರನಿಗೆ ಮರುವಾರ ಅವರೇ ಪ್ರಮಾಣವಚನ ತೆಗೆದುಕೊಳ್ಳುವುದನ್ನು ಕಂಡಾಗ ಏನನ್ನಿಸಿರಬಹುದೆಂದು ಆ ಎರಡೂ ಪಕ್ಷಗಳು ಯೋಚಿಸಿದಂತೆ ಕಾಣುವುದಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಯಾವ ಪಕ್ಷವೂ ಬೇಡ ಎನ್ನುವವರು ‘ನೋಟಾ’ ಒತ್ತುವುದು ಸರಿಯೋ, ಮನೆಯಲ್ಲಿರುವುದು ಸರಿಯೋ?

ಉತ್ತರ: 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ನೋಟಾ ಬಂದಿತು. ಅದು ಗುಟ್ಟಾಗಿ ‘ಬೇಡ’ ಎನ್ನುವ ಹಕ್ಕು ಮಾತ್ರ. ನೋಟಾ ಮೊದಲ ಸ್ಥಾನಕ್ಕೆ ಬಂದರೂ ಅದರ ನಂತರ ಹೆಚ್ಚು ಮತ ಪಡೆದ ಅಭ್ಯರ್ಥಿಯೇ ಗೆಲ್ಲುತ್ತಾನೆ. 2024ರಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕಣದಿಂದ ಹಿಂದೆ ಸರಿದ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ನೋಟಾ ಒತ್ತಿದರು, ಫಲಿತಾಂಶ ಬದಲಾಗಲಿಲ್ಲ. ಕರ್ನಾಟಕದಲ್ಲಿ ಕಳೆದ ಎರಡು ವಿಧಾನಸಭಾ ಚುನಾವಣೆಗಳಲ್ಲಿ ಅದು ಶೇಕಡಾ ಒಂದನ್ನೂ ಮುಟ್ಟಿಲ್ಲ.

ಆದರೂ ಮನೆಯಲ್ಲಿರುವುದಕ್ಕಿಂತ ಅದು ಮೇಲು, ಏಕೆಂದರೆ ನೋಟಾ ಎಣಿಕೆಗೆ ಸಿಗುತ್ತದೆ. ಮನೆಯಲ್ಲಿದ್ದವರು ಸಿಟ್ಟಿನಿಂದ ಇದ್ದರೋ, ರಜೆಗೆ ಸಕಲೇಶಪುರಕ್ಕೆ ಹೋಗಿದ್ದರೋ ಯಾರಿಗೂ ತಿಳಿಯುವುದಿಲ್ಲ. 2023ರಲ್ಲಿ ರಾಜ್ಯವೆಲ್ಲ ಶೇ 73 ದಾಟಿದಾಗ ನಿಮ್ಮ ನಗರ ಶೇ 55ರ ಸುಮಾರಿಗೆ ನಿಂತಿತ್ತು. ಅದೇ ಚುನಾವಣೆಯಲ್ಲಿ ಜಯನಗರ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು 16 ಮತಗಳಿಂದ.

ಪ್ರಶ್ನೆ: ಚುನಾವಣೆ ಐದು ವರ್ಷಕ್ಕೊಮ್ಮೆ. ನಡುವಿನ ವರ್ಷಗಳಲ್ಲಿ ಆಳುವ ಪಕ್ಷಕ್ಕೆ ನಮ್ಮ ಅಸಮಾಧಾನವನ್ನು ಮುಟ್ಟಿಸುವ ದಾರಿ ಯಾವುದು? ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. (ಕೊಪ್ಪಳ ಜಿಲ್ಲೆಯ ರೈತರು)

ಉತ್ತರ: ದಾರಿ ಇತ್ತು, ಅದನ್ನು ಮುಚ್ಚಲಾಯಿತು. ಮುಚ್ಚಿದವರು ಒಂದು ಪಕ್ಷದವರಲ್ಲ.

ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿ, ನಗರ ಪಾಲಿಕೆಗಳ ಚುನಾವಣೆಗಳು ಊರಿನ ಕೆಲಸಕ್ಕೆ ಸದಸ್ಯರನ್ನು ಆರಿಸುವುದರ ಜೊತೆಗೆ, ಬೆಂಗಳೂರಿನಲ್ಲಿ ಕೂತ ಸರ್ಕಾರಕ್ಕೆ ಅವಧಿಯ ನಡುವೆಯೇ ಎಚ್ಚರಿಕೆ ಕೊಡುತ್ತವೆ. 1987ರ ಜನವರಿಯಲ್ಲಿ, ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ, ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತಿಗಳಿಗೆ ಮಹಿಳೆಯರಿಗೆ ಶೇ 25 ಮೀಸಲಾತಿಯೊಂದಿಗೆ ಚುನಾವಣೆ ನಡೆಸಿ ದೇಶಕ್ಕೆ ಮಾದರಿಯಾದ ರಾಜ್ಯ ನಮ್ಮದು. 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳ ಅವಧಿಯನ್ನು ಐದು ವರ್ಷಕ್ಕೆ ನಿಗದಿಪಡಿಸಿ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸ್ಪಷ್ಟವಾಗಿ ಹೇಳಿವೆ.

ಈಗಿನ ಕಥೆ ನೋಡಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಬಿಜೆಪಿ ಸರ್ಕಾರವಿದ್ದಾಗ ಮುಂದಕ್ಕೆ ಹೋದ ಚುನಾವಣೆ ಕಾಂಗ್ರೆಸ್ ಸರ್ಕಾರ ಬಂದ ಮೇಲೂ ವರ್ಷಗಟ್ಟಲೆ ಮುಂದಕ್ಕೇ ಹೋಯಿತು. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಚುನಾವಣೆಯಾಗಿ, 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ಪ್ರಕರಣ ಎಂದು ಕಾರಣಗಳನ್ನು ಕೊಡಲಾಯಿತು. ಕೊರೊನಾ ಕಾರಣವೆನ್ನುವವರಿಗೆ ಒಂದು ಮಾತು: ಗ್ರಾಮ ಪಂಚಾಯತಿ ಚುನಾವಣೆಗಳು ಅದೇ ಕೊರೊನಾ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲಿ, ಎರಡು ಹಂತಗಳಲ್ಲಿ ನಡೆದವು. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಸೋಲು ಯಾವ ಪಕ್ಷದ ಖಾತೆಗೂ ಜಮೆಯಾಗುವುದಿಲ್ಲ. ಚಿಹ್ನೆಯ ಮೇಲೆ ನಡೆಯುವ ಚುನಾವಣೆಗಳಷ್ಟೇ ಏಕೆ ತಡವಾದವೆಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಶಾಸಕರಿಗೂ ಇದರಿಂದ ನಷ್ಟವಿಲ್ಲ. ಜಿಲ್ಲಾ ಪಂಚಾಯತಿ ಸದಸ್ಯನಿಲ್ಲದ ಕಡೆ ಪ್ರತಿ ಕಾಮಗಾರಿಗೂ ಶಾಸಕರ ಬಾಗಿಲನ್ನೇ ಬಡಿಯಬೇಕು.

ಆದ್ದರಿಂದ ಮನವಿ ಕೊಡುವುದನ್ನು ನಿಲ್ಲಿಸಬೇಡಿ, ಆದರೆ ಮನವಿಯ ವಿಷಯವನ್ನು ಬದಲಾಯಿಸಿ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆಯಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿ ಚುನಾವಣೆಗಳನ್ನು ಸಂವಿಧಾನ ಹೇಳಿದ ಅವಧಿಯೊಳಗೆ ನಡೆಸಬೇಕೆಂಬ ನಿರ್ಣಯವನ್ನು ಮಂಡಿಸಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ಪ್ರತಿಯನ್ನು ರಾಜ್ಯ ಚುನಾವಣಾ ಆಯೋಗಕ್ಕೂ ನಿಮ್ಮ ಶಾಸಕರಿಗೂ ಕಳುಹಿಸಿ. ಶಾಸಕರು ಆಳುವ ಪಕ್ಷದವರಾದರೆ ಏಕೆ ನಡೆಸಲಿಲ್ಲವೆಂದೂ, ವಿರೋಧ ಪಕ್ಷದವರಾದರೆ ತಮ್ಮ ಸರ್ಕಾರವಿದ್ದಾಗ ಏಕೆ ನಡೆಸಲಿಲ್ಲವೆಂದೂ ಕೇಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳುಹಿಸಿಕೊಡಿ. ಈ ಅಂಕಣದಲ್ಲಿ ಪ್ರಕಟಿಸುತ್ತೇವೆ.