ಇಬ್ಬರೂ ಬಾರಿಸುವವರೇ ಆದರೆ ಕ್ಲೇ ಕೋರ್ಟಲ್ಲಿ ಗೆಲ್ಲುವವನು ಯಾರು?

ನೀವು ಕೇಳಿದ್ದು ಇಷ್ಟು: ಟೆನಿಸ್‌ನಲ್ಲಿ ಇಬ್ಬರೂ ಬೇಸ್‌ಲೈನ್‌ನಲ್ಲಿ (ಕೋರ್ಟಿನ ಹಿಂದಿನ ಗೆರೆಯಲ್ಲಿ) ನಿಂತು ಬಾರಿಸಿ ಆಡುವವರಾದರೆ ಕ್ಲೇ ಕೋರ್ಟ್‌ನಲ್ಲಿ ಮೇಲುಗೈ ಯಾರದು? ಹೊಡೆತ ಜೋರಿರುವವನದೇ ತಾನೆ? ಇಲ್ಲಾ ಮಣ್ಣಿನ ಮೇಲೆ ಬಾರಿಸುವುದೇ ದಂಡವಾ?

ಎರಡೂ ಅಲ್ಲ ಅಂತ ನನ್ನ ಅನಿಸಿಕೆ. ಹೊಡೆತದ ಜೋರು ಇಬ್ಬರಲ್ಲೂ ಹತ್ತಿರ ಹತ್ತಿರ ಇದ್ದರೆ, ಜೋರು ಬಿಟ್ಟು ಕೈಯಲ್ಲಿ ಇನ್ನೇನಿದೆ ಅನ್ನುವುದು ಮಣ್ಣಿನ ಮೇಲೆ ಲೆಕ್ಕಕ್ಕೆ ಬರುತ್ತದೆ. ಅದೂ ಮೊದಲ ಒಂದು ಗಂಟೆಯಲ್ಲಿ ಅಲ್ಲ, ಮೂರನೇ ಗಂಟೆಯಲ್ಲಿ. ಸುಮ್ನೆ ಹೀಗೆ ಹೇಳಿಬಿಟ್ಟರೆ ನೀವು ನಂಬುವುದಿಲ್ಲ, ಹಾಗಾಗಿ ಸ್ಪೇನ್‌ನ ಕಾರ್ಲೊಸ್ ಅಲ್ಕರಾಜ್ ಮತ್ತು ಇಟಲಿಯ ಯಾನಿಕ್ ಸಿನ್ನರ್ ಇಬ್ಬರನ್ನೂ ಮುಂದೆ ಇಟ್ಟುಕೊಂಡು ಹೇಳುತ್ತೇನೆ. ಈಗಿನವರಲ್ಲಿ ನಿಮ್ಮ ಪ್ರಶ್ನೆಗೆ ಇವರಷ್ಟು ಸರಿಹೊಂದುವ ಜೋಡಿ ಇನ್ನೊಂದಿಲ್ಲ.

ಮೊದಲು ಮಣ್ಣಿನ ವಿಷಯ. ಪೇಪರಿನಲ್ಲಿ ‘ಆವೆಮಣ್ಣಿನ ಅಂಕಣ’ ಅಂತ ಬರೆಯುತ್ತಾರಲ್ಲ, ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನಲ್ಲಿ ಮೇಲೆ ಕಾಣುವುದು ಇಟ್ಟಿಗೆ ಪುಡಿ. ಅದೂ ಒಂದೆರಡು ಮಿಲಿಮೀಟರ್ ಅಷ್ಟೇ. ಅದರ ಕೆಳಗೆ ಸುಣ್ಣಕಲ್ಲಿನ ಪುಡಿ ಹಾಕಿ ಗಟ್ಟಿ ಮಾಡಿದ ಪದರ, ಅದರ ಕೆಳಗೆ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಆಮೇಲೆ ಜಲ್ಲಿ. ಅಂದರೆ ಗಟ್ಟಿ ನೆಲದ ಮೇಲೆ ಪುಡಿ ಉದುರಿಸಿದ ಹಾಗೆ. ನಾನು ಭಾನುವಾರ ಆಡಲು ಹೋಗುವ ಕೋರ್ಟ್ ಅಪ್ಪಟ ಕೆಮ್ಮಣ್ಣು. ಬೆಳಿಗ್ಗೆ ನೀರು ಹಾಕಿ ರೋಲರ್ ಎಳೆದ ಮೇಲೆ ಅಲ್ಲಿ ಚೆಂಡು ಮೊಣಕಾಲಿಗಿಂತ ಮೇಲೆ ಏಳಬೇಕಾದರೆ ದೇವರೇ ಬರಬೇಕು. ಅದನ್ನು ನೋಡಿ ಪ್ಯಾರಿಸ್ ಬಗ್ಗೆ ತೀರ್ಮಾನ ಮಾಡಬೇಡಿ, ನಾನೂ ಬಹಳ ವರ್ಷ ಅದೇ ತಪ್ಪು ಮಾಡುತ್ತಿದ್ದೆ.

ಆ ಇಟ್ಟಿಗೆ ಪುಡಿ ಚೆಂಡನ್ನು ಒಂದು ಕ್ಷಣ ಹಿಡಿಯುತ್ತದೆ. ಮುಂದಕ್ಕೆ ಹೋಗುವ ವೇಗ ತಗ್ಗುತ್ತದೆ, ಚೆಂಡು ಮೇಲಕ್ಕೆ ಏಳುತ್ತದೆ. ಹುಲ್ಲಿನ ಮೇಲೆ ಜಾರಿಕೊಂಡು ಹೋಗಿ ವಿನ್ನರ್ (ಎದುರಾಳಿ ಮುಟ್ಟಲಾಗದ ಏಟು) ಆಗುವ ನೇರ ಹೊಡೆತ ಇಲ್ಲಿ ಎದುರಾಳಿಗೆ ಅರ್ಧ ಹೆಜ್ಜೆ ಸಾಲ ಕೊಡುತ್ತದೆ. ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ತಿರುಗು) ತುಂಬಿದ ಚೆಂಡಾದರೆ ಭುಜದ ತನಕ ಹಾರಿ ಬರುತ್ತದೆ. ಜೊತೆಗೆ ಜಾರುತ್ತಾ ಹೋಗಿ ಹೊಡೆಯಬಹುದು, ಹಾಗಾಗಿ ಬೇರೆ ಕಡೆ ಕೈಗೆ ಸಿಗದ ಚೆಂಡೂ ವಾಪಸ್ ಬರುತ್ತದೆ. ಒಂದೇ ಏಟಿಗೆ ಮುಗಿಯುವ ಪಾಯಿಂಟ್‌ಗೆ ಇಲ್ಲಿ ಮೂರು ಏಟು ಬೇಕು.

ಇಷ್ಟು ಕೇಳಿದವರು ಕೂಡಲೇ “ಹಾಗಾದರೆ ಕ್ಲೇ ಅಂದರೆ ಕಾಯುವವರ ಕೋರ್ಟ್” ಅಂತ ಷರಾ ಬರೆದುಬಿಡುತ್ತಾರೆ. ಪೂರ್ತಿ ಸರಿಯಲ್ಲ. ಆ ಅರ್ಧ ಹೆಜ್ಜೆ ಸಾಲ ಬಾರಿಸುವವನಿಗೂ ಸಿಗುತ್ತದೆ, ಅಲ್ವಾ? ರ‍್ಯಾಕೆಟ್ ಪೂರ್ತಿ ಹಿಂದಕ್ಕೆ ಎಳೆದು, ಕಾಲು ಊರಿ, ಮನಸ್ಸಿಗೆ ಬಂದಷ್ಟು ಜೋರಾಗಿ ಬೀಸಲು ಅವನಿಗೆ ಸಮಯ ಸಿಗುವುದೇ ಮಣ್ಣಿನ ಮೇಲೆ. 2009ರಲ್ಲಿ ರಾಬಿನ್ ಸೋಡರ್ಲಿಂಗ್ ಪ್ಯಾರಿಸ್‌ನಲ್ಲಿ ನಡಾಲ್‌ನನ್ನು ಸೋಲಿಸಿದ್ದು ಹೀಗೇ. ಅಲ್ಲಿಯ ತನಕ ನಡಾಲ್ ಆ ಟೂರ್ನಿಯಲ್ಲಿ ಆಡಿದ 31 ಪಂದ್ಯವನ್ನೂ ಗೆದ್ದಿದ್ದ. 2015ರ ಫೈನಲ್‌ನಲ್ಲಿ ವಾವ್ರಿಂಕಾ ಮೊದಲ ಸೆಟ್ ಸೋತು ಆಮೇಲೆ ಜೊಕೊವಿಚ್‌ನನ್ನು ನಾಲ್ಕು ಸೆಟ್‌ನಲ್ಲಿ ಮುಗಿಸಿದ್ದೂ ಇದೇ ರೀತಿ. ವಾವ್ರಿಂಕಾನ ಆ ಒಂಟಿ ಕೈ ಬ್ಯಾಕ್‌ಹ್ಯಾಂಡ್‌ಗೆ ಬೇಕಾದ ದೊಡ್ಡ ಬೀಸಿಗೆ ಹುಲ್ಲಿನ ಮೇಲೆ ಜಾಗವೂ ಇಲ್ಲ, ಹೊತ್ತೂ ಇಲ್ಲ.

ಆದರೆ ಆ ಎರಡೂ ಪಂದ್ಯದಲ್ಲಿ ಒಬ್ಬ ಬಾರಿಸುತ್ತಿದ್ದ, ಇನ್ನೊಬ್ಬ ಹೆಚ್ಚಾಗಿ ತಡೆಯುತ್ತಿದ್ದ. ನೀವು ಕೇಳಿದ್ದು ಇಬ್ಬರೂ ಬಾರಿಸುವ ಕಥೆ. ಅದಕ್ಕೇ ಅಲ್ಕರಾಜ್, ಸಿನ್ನರ್.

ಇವರಿಬ್ಬರೂ ಮಣ್ಣಿನ ಮೇಲೆ ಮೊದಲು ಎದುರಾದದ್ದು 2019ರಲ್ಲಿ, ಸ್ಪೇನ್‌ನ ಅಲಿಕಾಂಟೆ ಚಾಲೆಂಜರ್‌ನಲ್ಲಿ (ಮುಖ್ಯ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ). ಅಲ್ಕರಾಜ್‌ಗೆ ಆಗ 15 ವರ್ಷ! ಮೂರು ಸೆಟ್‌ನಲ್ಲಿ ಅವನೇ ಗೆದ್ದ. ಗಂಡಸರ ಮುಖ್ಯ ಸರಣಿಯಾದ ಎಟಿಪಿ ಟೂರ್‌ನಲ್ಲಾದರೆ 2022ರ ಉಮಾಗ್ ಫೈನಲ್ ಮೊದಲನೆಯದು, ಕ್ರೊಯೇಷಿಯಾದಲ್ಲಿ. ಅದನ್ನು ಸಿನ್ನರ್ 6-7, 6-1, 6-1 ಅಂತ ಗೆದ್ದ. ಮಣ್ಣಿನ ಮೇಲೆ ಅವನಿಗೆ ಅದೇ ಮೊದಲ ಟೂರ್ ಪ್ರಶಸ್ತಿ. ಎದುರಿಗಿದ್ದ ಅಲ್ಕರಾಜ್ ಹಿಂದಿನ ವರ್ಷ ಅದೇ ಊರಲ್ಲಿ ಗೆದ್ದವನು, ಮಣ್ಣಿನ ಮೇಲೇ ಬೆಳೆದ ಹುಡುಗ. ಆ ಕೊನೆಯ ಎರಡು ಸೆಟ್ ನೋಡಿ ನಾನೂ ಜೋರು ಇದ್ದವನೇ ದೊರೆ ಅಂದುಕೊಂಡಿದ್ದೆ.

ಆಮೇಲೆ ಲೆಕ್ಕ ತಿರುಗಿತು. 2024ರ ಫ್ರೆಂಚ್ ಓಪನ್ ಸೆಮಿಫೈನಲ್ ಅಲ್ಕರಾಜ್‌ಗೆ, ಐದು ಸೆಟ್. 2025ರ ರೋಮ್ ಫೈನಲ್ ಅಲ್ಕರಾಜ್‌ಗೆ, 7-6, 6-1. ಅದಾಗಿ ಮೂರು ವಾರಕ್ಕೆ ಪ್ಯಾರಿಸ್ ಫೈನಲ್, ಅದೂ ಅವನಿಗೇ.

ಆಟದ ಒಳಗೆ ಏನಾಗುತ್ತದೆ ಅಂತ ನೋಡೋಣ. ಇಬ್ಬರೂ ಬಲಗೈಯವರು, ಇಬ್ಬರದ್ದೂ ಎರಡು ಕೈ ಬ್ಯಾಕ್‌ಹ್ಯಾಂಡ್. ಹಾಗಾಗಿ ನಡಾಲ್ ಎಡಗೈ ಫೋರ್‌ಹ್ಯಾಂಡ್‌ನಿಂದ ಫೆಡರರ್‌ನ ಒಂಟಿ ಕೈ ಬ್ಯಾಕ್‌ಹ್ಯಾಂಡ್‌ಗೆ ಎತ್ತರದ ಚೆಂಡು ಕಳಿಸಿ ಕಳಿಸಿ ಮಣ್ಣಿನ ಮೇಲೆ 14-2 ಲೆಕ್ಕ ಮಾಡಿಕೊಂಡನಲ್ಲ, ಆ ಉಪಾಯ ಇಲ್ಲಿ ನಡೆಯುವುದಿಲ್ಲ. ಸಿನ್ನರ್ ಆರಡಿ ಮೂರಿಂಚು, ಭುಜದ ಎತ್ತರದ ಚೆಂಡು ಅವನಿಗೆ ಊಟದ ತಟ್ಟೆ ಇದ್ದ ಹಾಗೆ. ಎರಡು ಕೈ ಹಾಕಿ ಕೆಳಕ್ಕೆ ಬಡಿಯುತ್ತಾನೆ. ಬ್ಯಾಕ್‌ಹ್ಯಾಂಡ್‌ಗೆ ಬ್ಯಾಕ್‌ಹ್ಯಾಂಡ್ ಅಡ್ಡಕ್ಕೆ ಹೊಡೆದಾಡುತ್ತಾ ನಿಂತರೆ ನನ್ನ ಪ್ರಕಾರ ಹತ್ತರಲ್ಲಿ ಆರು ಸಲ ಸಿನ್ನರ್ ಗೆಲ್ಲುತ್ತಾನೆ. ಅವನ ಚೆಂಡು ಪ್ರತಿ ಸಲ ಅದೇ ಉದ್ದಕ್ಕೆ, ಅದೇ ಭಾರಕ್ಕೆ ಬೀಳುತ್ತಿರುತ್ತದೆ. ಗಾಣ ತಿರುಗಿದ ಹಾಗೆ, ಬೇಸರವೇ ಇಲ್ಲ.

ಅಲ್ಕರಾಜ್‌ಗೆ ಇದು ಗೊತ್ತು. ಅದಕ್ಕೇ ಆ ಸಾಲಿನಿಂದ ಹೊರಗೆ ಬರಲು ನೋಡುತ್ತಾನೆ. ಒಂದು ದಾರಿ, ಬ್ಯಾಕ್‌ಹ್ಯಾಂಡ್ ಕಡೆ ಬಂದ ಚೆಂಡನ್ನು ಸುತ್ತಿ ಹೋಗಿ ಫೋರ್‌ಹ್ಯಾಂಡ್‌ನಿಂದ ಹೊಡೆಯುವುದು. ಆದರೆ ಹಾಗೆ ಸುತ್ತಿದಾಗ ಬಲಗಡೆ ಇಡೀ ಗದ್ದೆ ಖಾಲಿ ಬಿದ್ದಿರುತ್ತದೆ, ಸಿನ್ನರ್ ಅದನ್ನು ಬಿಡುವವನಲ್ಲ, ಗೆರೆಯ ಪಕ್ಕ ನೇರ ಕಳಿಸುತ್ತಾನೆ. ಗಟ್ಟಿ ಕೋರ್ಟ್‌ನಲ್ಲಾದರೆ ಅಲ್ಲಿಗೆ ಪಾಯಿಂಟ್ ಮುಗಿಯಿತು. ಮಣ್ಣಿನ ಮೇಲೆ ಅಲ್ಕರಾಜ್ ಜಾರಿಕೊಂಡು ಹೋಗಿ ಅದನ್ನೂ ಎತ್ತುತ್ತಾನೆ, ಎತ್ತುವುದಷ್ಟೇ ಅಲ್ಲ, ಕೆಲವೊಮ್ಮೆ ಅಲ್ಲಿಂದಲೇ ವಿನ್ನರ್ ಹೊಡೆದುಬಿಡುತ್ತಾನೆ. ಸಿನ್ನರ್ ತನ್ನ ಒಳ್ಳೆಯ ಹೊಡೆತವನ್ನೇ ಎರಡು ಸಲ ಹೊಡೆಯಬೇಕಾಗುತ್ತದೆ. ನಾನು ಮೊದಲು ಹೇಳಿದ ಮೂರು ಏಟಿನ ಮಾತು ಇದೇ.

ಇನ್ನೊಂದು ದಾರಿ ಡ್ರಾಪ್ ಶಾಟ್. ಇದನ್ನು ಕೆಲವರು ಚಮತ್ಕಾರ, ಷೋಕಿ ಅಂತ ನೋಡುತ್ತಾರೆ. ನನಗೆ ಇದೇ ಇಡೀ ಕಥೆಯ ಕೀಲಿ ಅನಿಸುತ್ತದೆ. ಯಾಕೆ ಅಂದರೆ ಅಲ್ಕರಾಜ್‌ನ ಫೋರ್‌ಹ್ಯಾಂಡ್ ಭಾರ ತಡೆಯಬೇಕಾದರೆ ಸಿನ್ನರ್ ಎರಡು ಹೆಜ್ಜೆ ಹಿಂದಕ್ಕೆ ಹೋಗಲೇಬೇಕು, ಹೋದ ತಕ್ಷಣ ಅದೇ ಬೀಸಿನ ಹಾಗೆ ಕಾಣುವ ತೋಳು ಕೊನೆ ಗಳಿಗೆಯಲ್ಲಿ ಮೆತ್ತಗಾಗಿ ಚೆಂಡು ನೆಟ್‌ನ ಆಚೆ ಬಿದ್ದು ಸಾಯುತ್ತದೆ. ಓಡಿ ಮುಟ್ಟಿದರೂ ತಲೆ ಮೇಲೆ ಎತ್ತಿ ಕಳಿಸುವ ಲಾಬ್ ಕಾದಿರುತ್ತದೆ. ಪಾಯಿಂಟ್ ಹೋಗುವುದು ಒಂದು ನಷ್ಟ, ಕಾಲು ಸೋಲುವುದು ಇನ್ನೊಂದು, ಮುಂದಿನ ಸಲ ಹಿಂದೆ ಹೋಗಲು ಹೆದರುವುದು ಮೂರನೆಯದು. ಮೂರು ಗಂಟೆ ಆಡಿದ ಮೇಲೆ ಈ ಮೂರನೆಯದೇ ಜಾಸ್ತಿ ಕಾಡುತ್ತದೆ.

ಸಿನ್ನರ್‌ಗೆ ಬೇರೆ ಹೊಡೆತ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬರುತ್ತದೆ. ಆದರೆ ಇಕ್ಕಟ್ಟಿನಲ್ಲಿ ಅವನ ಮೊದಲ ಯೋಚನೆ ಇನ್ನೂ ಸ್ವಲ್ಪ ಜೋರು, ಇನ್ನೂ ಸ್ವಲ್ಪ ಗೆರೆಗೆ ಹತ್ತಿರ. ಅಲ್ಕರಾಜ್‌ನದು ಇನ್ನೇನಾದರೂ ಬೇರೆ. ಈ ಬೇರೆಯಿಂದಲೇ ಅವನು ಎಷ್ಟೋ ಸೆಟ್ ಕೈಚೆಲ್ಲಿ ಕೂತಿದ್ದಾನೆ ಅನ್ನುವುದನ್ನೂ ಹೇಳಬೇಕು, ಬೇಡದ ಹೊತ್ತಿಗೆ ಡ್ರಾಪ್ ಹಾಕಿ ನೆಟ್‌ಗೆ ಹೊಡೆಯುವುದನ್ನು ನೋಡಿ ಟಿವಿ ಮುಂದೆ ತಲೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ.

ಈಗ 2025ರ ಜೂನ್ 8ರ ಪ್ಯಾರಿಸ್ ಫೈನಲ್. ಭಾನುವಾರ ಸಂಜೆ ಆರೂವರೆ ಹೊತ್ತಿಗೆ ನಮ್ಮಲ್ಲಿ ಟಿವಿ ಹಾಕಿದ್ದು, ಮುಗಿದಾಗ ಮಧ್ಯರಾತ್ರಿ ದಾಟಿತ್ತು. 5 ಗಂಟೆ 29 ನಿಮಿಷ, ಫ್ರೆಂಚ್ ಓಪನ್ ಫೈನಲ್‌ಗಳಲ್ಲೇ ಅತಿ ಉದ್ದದ್ದು. ಅದಕ್ಕೂ ಮುಂಚಿನ ದಾಖಲೆ 1982ರ ವಿಲಾಂಡರ್–ವಿಲಾಸ್ ಪಂದ್ಯದ್ದು, 4 ಗಂಟೆ 42 ನಿಮಿಷ. ಅದು ಕಾಯುವವರಿಬ್ಬರ ಪಂದ್ಯ, ನಾಲ್ಕೇ ಸೆಟ್‌ಗೆ ಅಷ್ಟು ಹೊತ್ತು. ಇದು ಐದು ಸೆಟ್, ಹಾಗಾಗಿ ಸೆಟ್ ಲೆಕ್ಕದಲ್ಲಿ ಹಳೆಯದೇ ನಿಧಾನ. ಆದರೂ ಬಾರಿಸುವವರಿಬ್ಬರು ಸೇರಿದರೆ ಪಂದ್ಯ ಬೇಗ ಮುಗಿಯುತ್ತದೆ ಅನ್ನುವ ಮಾತು ಅಲ್ಲಿಗೆ ಸತ್ತಿತು.

ಸಿನ್ನರ್ ಫೈನಲ್ ತನಕ ಒಂದು ಸೆಟ್ಟೂ ಸೋತಿರಲಿಲ್ಲ. ಇಲ್ಲಿಯೂ ಮೊದಲೆರಡು ಸೆಟ್ ಅವನದೇ. ನಾಲ್ಕನೇ ಸೆಟ್‌ನಲ್ಲಿ 5-3 ಮುಂದೆ, ಅಲ್ಕರಾಜ್ ಸರ್ವ್ 0-40. ಮೂರು ಚಾಂಪಿಯನ್‌ಷಿಪ್ ಪಾಯಿಂಟ್, ಒಂದು ಗೆದ್ದರೂ ಕಪ್ ಅವನದು! ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಹಾಕಿಬಿಟ್ಟಿದ್ದರು. ಮೂರೂ ಹೋದವು. ಮುಂದಿನ ಗೇಮ್‌ನಲ್ಲಿ ಪಂದ್ಯಕ್ಕಾಗಿ ಸರ್ವ್ ಮಾಡಿದ ಸಿನ್ನರ್‌ನನ್ನು ಅಲ್ಕರಾಜ್ ಬ್ರೇಕ್ ಮಾಡಿದ, ಅಂದರೆ ಅವನ ಸರ್ವ್ ಇದ್ದ ಗೇಮ್ ತಾನೇ ಗೆದ್ದ. ಐದನೇ ಸೆಟ್‌ನಲ್ಲಿ ಕಥೆ ತಿರುಗಿ ಅಲ್ಕರಾಜ್ 5-4ರಲ್ಲಿ ಪಂದ್ಯಕ್ಕೆ ಸರ್ವ್ ಮಾಡಿದ, ಸಿನ್ನರ್ ಅದನ್ನೂ ಮುರಿದ. ಕಡೆಗೆ ಹತ್ತು ಪಾಯಿಂಟ್ ಟೈಬ್ರೇಕ್, 10-2. ಎರಡು ಸೆಟ್ ಹಿಂದೆ ಬಿದ್ದು ಅಲ್ಕರಾಜ್ ಗೆದ್ದದ್ದು ಅದೇ ಮೊದಲು. ಇಡೀ ಪಂದ್ಯದ ಪಾಯಿಂಟ್ ಕೂಡಿಸಿದರೆ ಸಿನ್ನರ್ 193, ಅಲ್ಕರಾಜ್ 192. ಸೋತವನದೇ ಒಂದು ಜಾಸ್ತಿ!

ಹಾಗಾಗಿ ಅಲ್ಕರಾಜ್ ಶೈಲಿಯೇ ಮೇಲು ಅಂತ ಎದೆ ತಟ್ಟಿಕೊಳ್ಳುವಂತಿಲ್ಲ. ಮೂರು ಪಾಯಿಂಟ್‌ನಲ್ಲಿ ಒಂದು ಆ ಕಡೆ ಹೋಗಿದ್ದರೆ ನಾನು ಈ ಉತ್ತರವನ್ನೇ ಉಲ್ಟಾ ಬರೆಯುತ್ತಿದ್ದೆ. ಆದರೆ ಆ ಟೈಬ್ರೇಕ್‌ನಲ್ಲಿ ಅಲ್ಕರಾಜ್ 7-0 ಮುಂದೆ ಹೋದನಲ್ಲ, ಅದನ್ನು ಮತ್ತೆ ನೋಡಿ. ಸಿನ್ನರ್‌ನ ಚೆಂಡು ಇನ್ನೂ ಜೋರಾಗಿಯೇ ಬರುತ್ತಿತ್ತು. ಕಾಲು ಮಾತ್ರ ಒಂದು ಕೂದಲೆಳೆ ತಡ. ಜೋರು ಹೊಡೆತಕ್ಕೆ ಕಾಲು ಸರಿಯಾದ ಜಾಗದಲ್ಲಿ ಇರಲೇಬೇಕು. ಮೆತ್ತಗಿನ ಕೈಗೆ ಅಷ್ಟು ಬೇಡ.

ಇದು ಇವರಿಬ್ಬರಿಂದ ಶುರುವಾದದ್ದೂ ಅಲ್ಲ. 1991ರ ಪ್ಯಾರಿಸ್ ಫೈನಲ್, ಜಿಮ್ ಕೊರಿಯರ್ ಮತ್ತು ಆಂದ್ರೆ ಅಗಾಸ್ಸಿ. ಇಬ್ಬರೂ ಒಂದೇ ಅಕಾಡೆಮಿಯಿಂದ ಬಂದವರು, ಇಬ್ಬರೂ ಬೇಸ್‌ಲೈನ್‌ನಿಂದ ಬಡಿಯುವವರು. ಅಗಾಸ್ಸಿ ಒಂದು ಸೆಟ್ ಗೆದ್ದು ಎರಡನೆಯದರಲ್ಲೂ ಮುಂದಿದ್ದಾಗ ಮಳೆ ಬಂತು. ಆ ಬಿಡುವಿನಲ್ಲಿ ಕೊರಿಯರ್‌ಗೆ ಅವನ ಕೋಚ್ ಹೊಸೆ ಇಗೆರಾಸ್ ಹೇಳಿದ್ದು ಬಹಳ ಸಣ್ಣ ಮಾತು: ಸರ್ವ್ ವಾಪಸ್ ಮಾಡುವಾಗ ಹಿಂದಕ್ಕೆ ಹೋಗಿ ನಿಲ್ಲು. ಹಿಂದೆ ನಿಂತ, ಹೊತ್ತು ಸಿಕ್ಕಿತು, ಐದು ಸೆಟ್‌ನಲ್ಲಿ ಗೆದ್ದ. ಹೊಡೆತ ಬದಲಾಗಲಿಲ್ಲ, ನಿಂತ ಜಾಗ ಬದಲಾಯಿತು ಅಷ್ಟೇ. ಅಗಾಸ್ಸಿ ಚೆಂಡು ಏಳುವಾಗಲೇ ಹೊಡೆದು ಎದುರಾಳಿಯ ಹೊತ್ತು ಕದಿಯುವವನು, ಮಣ್ಣಿನ ಮೇಲೆ ಆ ಕಳ್ಳತನ ಮೂರು ನಾಲ್ಕು ಗಂಟೆ ನಡೆಸುವುದು ಕಷ್ಟ. ಕೊನೆಗೂ ಅವನು ಆ ಕಪ್ ಗೆದ್ದದ್ದು 1999ರಲ್ಲಿ.

ಹವಾಮಾನದ ಬಗ್ಗೆ ಒಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ಬಿಸಿಲಿದ್ದು ಒಣಗಿದ್ದರೆ ಚೆಂಡು ಚೆನ್ನಾಗಿ ಏಳುತ್ತದೆ, ಟಾಪ್‌ಸ್ಪಿನ್‌ಗೆ ಲಾಭ. ಚಳಿ, ತೇವ ಇದ್ದರೆ ಚೆಂಡು ತೂಕವಾಗುತ್ತದೆ, ಪುಡಿ ಅಂಟಿಕೊಳ್ಳುತ್ತದೆ, ಏಳುವುದೂ ಕಡಿಮೆ. ಆಗ ನೇರಕ್ಕೆ ಹೊಡೆಯುವವನಿಗೆ ಚೆಂಡು ಸೊಂಟದ ಎತ್ತರದಲ್ಲೇ ಸಿಗುತ್ತದೆ. ಛಾವಣಿ ಮುಚ್ಚಿದರೆ ಗಾಳಿಯೂ ಇಲ್ಲ, ಸಿನ್ನರ್ ಥರದವರಿಗೆ ಇನ್ನೂ ಒಳ್ಳೆಯದು.

ಮುಂದಿನ ಸಲ ಇಂಥ ಪಂದ್ಯ ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಒಬ್ಬನ ಕಾಲನ್ನೇ ನೋಡುತ್ತಾ ಕೂತುಕೊಳ್ಳಿ, ಅವನು ಹೊಡೆದ ಮೇಲೆ ಬೇಸ್‌ಲೈನ್‌ಗೆ ಹತ್ತಿರ ಬರುತ್ತಿದ್ದಾನಾ, ದೂರ ಹೋಗುತ್ತಿದ್ದಾನಾ ಅಂತ. ಎರಡನೇ ಸೆಟ್ ಮುಗಿಯುವ ಹೊತ್ತಿಗೆ ದೂರ ಹೋಗುತ್ತಿರುವವನು ಸ್ಕೋರ್‌ನಲ್ಲಿ ಮುಂದಿದ್ದರೂ ನಾನು ಅವನ ಮೇಲೆ ದುಡ್ಡು ಕಟ್ಟುವುದಿಲ್ಲ. ಇನ್ನು ನಿಮ್ಮ ಆಟಕ್ಕೆ ಇದರಿಂದ ಏನಾದರೂ ಉಪಯೋಗ ಇದೆಯಾ ಅಂದರೆ, ನನ್ನನ್ನು ಕೇಳಬೇಡಿ. ಹೋದ ಭಾನುವಾರ ನಾನು ಬಾರಿಸಿದ್ದನ್ನೆಲ್ಲ ಅರವತ್ತೆರಡು ವರ್ಷದ ಅಂಕಲ್ ಒಬ್ಬರು ಸ್ಲೈಸ್ ಮಾಡಿ ಮಾಡಿ ವಾಪಸ್ ಕಳಿಸಿ 6-2 ಸೋಲಿಸಿದರು.