ಭಾನುವಾರದ ಮಾತ್ರೆಯನ್ನು ದೇವಕರೆಯ ಲೆಕ್ಕಕ್ಕೆ ಬರೆಯಬೇಡಿ

ಈ ವಾರ ಒಂದೇ ಪತ್ರಕ್ಕೆ ಉತ್ತರ. ಉಳಿದವರು ಬೇಸರ ಮಾಡಿಕೊಳ್ಳಬಾರದು, ಇದು ಕಾಯುವಂಥದ್ದಲ್ಲ.

ಬರೆದವರು ದಕ್ಷಿಣ ಕನ್ನಡದ ಒಬ್ಬ ಕನ್ಯಾಸ್ತ್ರೀ. ವಯಸ್ಸು 31. ಬಿಎಸ್ಸಿ ನರ್ಸಿಂಗ್ ಮುಗಿಸಿ ಕಾನ್ವೆಂಟ್ ಸೇರಿದವರು. ಪ್ರಥಮ ವ್ರತ, ಅಂದರೆ ಕೆಲವು ವರ್ಷಕ್ಕೆಂದು ತೆಗೆದುಕೊಳ್ಳುವ ತಾತ್ಕಾಲಿಕ ವ್ರತ, ಆಗಿ ಬರುವ ಮೇ ತಿಂಗಳಿಗೆ ಆರು ವರ್ಷ. ಹದಿನಾಲ್ಕು ತಿಂಗಳಿಂದ ಆಫ್ರಿಕಾದ ಮಲಾವಿ ಸರೋವರದ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ, ಹೆರಿಗೆ ವಾರ್ಡಿನಲ್ಲಿ ಇದ್ದಾರೆ. ಜೀವನಪೂರ್ತಿಗೆಂದು ತೆಗೆದುಕೊಳ್ಳುವ ಅಂತಿಮ ವ್ರತಕ್ಕೆ ಅರ್ಜಿ ಕೊಡಲು ಮುಂದಿನ ತಿಂಗಳ ಕೊನೆಯ ದಿನವೇ ಗಡುವು. ಅವರು ಎರಡು ಕಾಗದ ಬರೆದಿಟ್ಟುಕೊಂಡಿದ್ದಾರೆ: ಒಂದು ಆ ಅರ್ಜಿ, ಇನ್ನೊಂದು ಸಭೆಯನ್ನು, ಅಂದರೆ ತಮ್ಮ ಕನ್ಯಾಸ್ತ್ರೀಯರ ಸಂಘವನ್ನು, ಬಿಡುತ್ತೇನೆ ಎನ್ನುವ ಪತ್ರ. ಯಾವುದನ್ನು ಕೊಡಲಿ ಅಂತ ಕೇಳಿದ್ದಾರೆ.

ಪ್ರಾರ್ಥನೆಗೆ ಕೂತರೆ ಏನೂ ಅನಿಸುವುದಿಲ್ಲವಂತೆ. ಕಾರಣವಿಲ್ಲದೆ ಅಳು ಬರುತ್ತದೆ. ಮಗು ಹುಟ್ಟಿ ಮೊದಲ ಸಲ ಅತ್ತಾಗ ಹಿಂದೆಲ್ಲ ಆಗುತ್ತಿದ್ದ ಸಂತೋಷ ಈಗ ಆಗುತ್ತಿಲ್ಲ. ರಾತ್ರಿ ಎಚ್ಚರವಾದರೆ ಯಾರೋ ಕೋಣೆಯಲ್ಲಿ ನಿಂತ ಹಾಗೆ ಭಯ. ಅಲ್ಲಿನ ಕಾನ್ವೆಂಟಿನ ಮುಖ್ಯಸ್ಥೆ, ಸುಪೀರಿಯರ್, "ಇನ್ನೂ ಸ್ವಲ್ಪ ಪ್ರಾರ್ಥಿಸು" ಎಂದಿದ್ದಾರೆ. ಅದೇ ಸಭೆಯಲ್ಲಿ ನಲವತ್ತು ವರ್ಷ ಕಳೆದಿರುವ ಚಿಕ್ಕಮ್ಮ ಫೋನಿನಲ್ಲಿ, "ಇದು ಸಂತರಿಗೂ ಬಂದ ಕತ್ತಲೆ. ದೇವರಿಗೆ ಒಪ್ಪಿಸು, ಅಂತಿಮ ವ್ರತ ಆದ ಮೇಲೆ ಎಲ್ಲ ಸರಿಹೋಗುತ್ತದೆ. ನಮ್ಮ ಕಾಲದಲ್ಲಿ ಹೀಗೆಲ್ಲ ಅಳುತ್ತಾ ಕೂರುತ್ತಿರಲಿಲ್ಲ" ಎಂದಿದ್ದಾರೆ. ಊರಿನಲ್ಲಿ ಅಮ್ಮ ಮಾತ್ರ, "ಸಾಕು, ಮನೆಗೆ ಬಾ" ಅನ್ನುತ್ತಿದ್ದಾರೆ.

ಆರು ಪುಟದಲ್ಲಿ ಐದೂವರೆ ಪುಟ ದೇವಕರೆಯ ವಿಚಾರವೇ, ಅಂದರೆ ದೇವರು ತಮ್ಮನ್ನು ಈ ಬದುಕಿಗೆ ಕರೆದಿದ್ದಾನೋ ಇಲ್ಲವೋ ಎಂಬುದೇ. ನಾಲ್ಕನೇ ಪುಟದ ಕೆಳಗೆ, ಬೇರೇನನ್ನೋ ಹೇಳುವಾಗ ಒಂದು ವಾಕ್ಯ ನುಸುಳಿದೆ: "ಭಾನುವಾರ ಚರ್ಚಿನಲ್ಲಿ ಬಲಿಪೂಜೆ, ಊಟ ಆದ ಮೇಲೆ ಎಲ್ಲರಿಗೂ ಮಲೇರಿಯಾ ಮಾತ್ರೆ, ಸೋಮವಾರ ರಾತ್ರಿಯಿಂದ ಮತ್ತೆ ಅದೇ ಕನಸುಗಳು, ಶುಕ್ರವಾರದ ಹೊತ್ತಿಗೆ ಸ್ವಲ್ಪ ಪರವಾಗಿಲ್ಲ." ಇನ್ನೊಂದು ಕಡೆ ಆವರಣದೊಳಗೆ, ನರ್ಸಿಂಗ್ ಓದುವಾಗ ಗಾಬರಿಗೆಂದು ಕೆಲವು ತಿಂಗಳು ಮಾತ್ರೆ ತೆಗೆದುಕೊಂಡಿದ್ದರ ಪ್ರಸ್ತಾಪವಿದೆ.

ಸಿಸ್ಟರ್, ವಾರಕ್ಕೊಂದು ನುಂಗುವ ಮಲೇರಿಯಾ ತಡೆ ಮಾತ್ರೆ ಅಂದರೆ ಆಫ್ರಿಕಾದಲ್ಲಿ ಬಹುಮಟ್ಟಿಗೆ ಮೆಫ್ಲೋಕ್ವಿನ್, 250 ಮಿಲಿಗ್ರಾಂ. ಇವತ್ತೇ ಮಾತ್ರೆ ಪಟ್ಟಿಯ ಹಿಂಬದಿ ಓದಿ ನೋಡಿ. ಅದೇ ಆಗಿದ್ದರೆ ಮುಂದಿನದು ನಿಮಗೆ. ನಿದ್ದೆಗೇಡು, ಭೀಕರ ಕನಸು, ಆತಂಕ, ಖಿನ್ನತೆ, ಯಾರೋ ಹಿಂದೆ ಬಿದ್ದಿದ್ದಾರೆಂಬ ಶಂಕೆ, ತಲೆಸುತ್ತು, ಕಿವಿಯಲ್ಲಿ ಗುಂಯ್‌ಗುಡುವುದು: ಇವೆಲ್ಲ ಈ ಔಷಧದ ಗೊತ್ತಿರುವ ಅಡ್ಡಪರಿಣಾಮಗಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇದರ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ದವರಿಗೆ, ಹಿಂದೆ ಖಿನ್ನತೆ ಬಂದು ಹೋದವರಿಗೆ, ಮೂರ್ಛೆ ರೋಗದವರಿಗೆ ತಡೆ ಔಷಧವಾಗಿ ಇದನ್ನು ಕೊಡಲೇಬಾರದು. ನಿಮಗೆ ಕೊಡುವಾಗ ಆ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಡಬ್ಬಿ ಊಟದ ಮೇಜಿನ ಮೇಲಿತ್ತು, ಎಲ್ಲರ ಹಾಗೆ ನೀವೂ ನುಂಗಿದಿರಿ. ಬೇರೆಯವರಿಗೆ ಏನೂ ಆಗಿಲ್ಲವಲ್ಲ ಎಂದರೆ, ಹೌದು, ತುಂಬ ಜನಕ್ಕೆ ಏನೂ ಆಗುವುದಿಲ್ಲ. ಆಗುವವರಿಗೆ ಆಗುತ್ತದೆ.

ಹಾಗಂತ ಇದನ್ನು ಓದಿ ನಾಳೆಯಿಂದ ಮಾತ್ರೆ ಬಿಟ್ಟು ಸುಮ್ಮನಿರಬೇಡಿ. ಮಂಗಳೂರಿನವರಿಗೆ ಮಲೇರಿಯಾ ಅಂದರೆ ಒಂದು ಸಲಿಗೆ ಇದೆ, ಮನೆಗೊಬ್ಬರಿಗೆ ಬಂದು ಹೋಗಿರುತ್ತದೆ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ನೀವಿರುವ ಕಡೆ ಫಾಲ್ಸಿಪಾರಮ್. ಚಿಕಿತ್ಸೆ ತಡವಾದರೆ ಎರಡು ಮೂರು ದಿನದಲ್ಲಿ ಮೆದುಳಿಗೆ ಏರಿ ಜೀವ ತೆಗೆಯುವುದು ಅದು. ಆದ್ದರಿಂದ ಮುಂದಿನ ಭಾನುವಾರಕ್ಕೆ ಮೊದಲೇ ನಿಮ್ಮ ಆಸ್ಪತ್ರೆಯ ವೈದ್ಯರನ್ನು, ಅವರಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಂಡು ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಿ. ಡಾಕ್ಸಿಸೈಕ್ಲಿನ್ ಆದರೆ ದಿನಕ್ಕೆ 100 ಮಿಲಿಗ್ರಾಂ. ಊಟದ ಜೊತೆ, ತುಂಬಿದ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲವಾದರೆ ಅನ್ನನಾಳ ಸುಟ್ಟು ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಕೆಲವರಿಗೆ ಬಿಳಿಸೆರಗಿನ ತುರಿಕೆ ಬರುತ್ತದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಇನ್ನೂ ಹಗುರ, ಆದರೆ ದುಬಾರಿ. ದಿನಕ್ಕೊಂದು, ಹಾಲಿನ ಜೊತೆ ಅಥವಾ ಜಿಡ್ಡಿರುವ ಊಟದ ಜೊತೆ. ವರ್ಷಗಟ್ಟಲೆ ಅಲ್ಲಿರುವವರು ಕಡೆಗೆ ನೆಚ್ಚಿಕೊಳ್ಳುವುದು ಔಷಧ ಲೇಪಿಸಿದ ಸೊಳ್ಳೆಪರದೆಯನ್ನು ಮತ್ತು ಜ್ವರ ಬಂದ ದಿನವೇ ಮಾಡುವ ರಕ್ತಪರೀಕ್ಷೆಯನ್ನು. ನಿಮಗೆ ಯಾವುದು ಸರಿ ಅಂತ ಹೇಳಬೇಕಾದವರು ವೈದ್ಯರು.

ವೈದ್ಯರ ಬಳಿ ಬರಿಗೈಲಿ ಹೋಗಬೇಡಿ. ವಾರ್ಡಿನಲ್ಲಿ ಗರ್ಭಿಣಿಯರ ಚಾರ್ಟ್ ಬರೆಯುವ ಹಾಗೆಯೇ ಒಂದು ಹಾಳೆ ಗೆರೆ ಹಾಕಿ: ಮಾತ್ರೆ ತೆಗೆದುಕೊಂಡ ದಿನ, ಅಂದು ಮಲಗಿದ ಗಂಟೆ, ಎದ್ದ ಗಂಟೆ, ಕನಸು, ಅಳು, ಕಿವಿಯ ಸದ್ದು, ರಾತ್ರಿ ಪಾಳಿ ಇತ್ತೋ ಇಲ್ಲವೋ. ಕಳೆದ ಮೂರು ವಾರ ನೆನಪಿದ್ದಷ್ಟು ತುಂಬಿಸಿ. ಓದುವಾಗ ತೆಗೆದುಕೊಂಡ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಸಾಯಬೇಕು ಎನ್ನುವ ಯೋಚನೆ ಒಮ್ಮೆ ಬಂದಿದ್ದರೂ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ಅಂಥ ಯೋಚನೆ ಈಗಲೂ ಇದ್ದರೆ ಭಾನುವಾರದವರೆಗೂ ಕಾಯಬೇಡಿ, ಈಗಲೇ ಒಬ್ಬ ಸಿಸ್ಟರನ್ನು ಎಬ್ಬಿಸಿ ಜೊತೆಯಲ್ಲಿ ಕೂರಿಸಿಕೊಳ್ಳಿ.

ಈಗ ಚಿಕ್ಕಮ್ಮನವರ ವಿಚಾರ. ಸುಪೀರಿಯರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನೀವೇ ಬರೆದಂತೆ ಐದು ಜನ, ನಾಲ್ಕು ದೇಶ, ಒಂದು ಜೀಪು, ವಾರದಲ್ಲಿ ಮೂರು ದಿನ ಕರೆಂಟಿಲ್ಲ. ಆ ಹೆಂಗಸಿಗೆ ತೋಚಿದ್ದನ್ನು ಹೇಳಿದ್ದಾರೆ. ಆದರೆ ಚಿಕ್ಕಮ್ಮ? ನಾಲ್ಕು ದಶಕ ಕಾನ್ವೆಂಟಿನಲ್ಲಿದ್ದವರು "ನಿದ್ದೆ ಬರುತ್ತಿದೆಯಾ, ಏನು ಔಷಧ ತೆಗೆದುಕೊಳ್ಳುತ್ತಿದ್ದೀ" ಎಂದು ಕೇಳದೆ ಸೀದಾ ಸಂತರ ಕತ್ತಲೆಗೆ ಹೋದರಲ್ಲ! ಅವರು ಅಷ್ಟು ನೆನೆಯುವ ಸಂತರಲ್ಲೇ ಒಬ್ಬರು ಆವಿಲಾದ ತೆರೇಸಾ. ಧ್ಯಾನದಲ್ಲಿ ಗಂಟೆಗಟ್ಟಲೆ ಮೈಮರೆತು ಬಿದ್ದಿರುತ್ತಿದ್ದ ಒಬ್ಬಾಕೆಗೆ ಚೆನ್ನಾಗಿ ಊಟ, ನಿದ್ದೆ ಮಾಡಿಸಿ ತಪಸ್ಸು ಕಡಿಮೆ ಮಾಡಿಸಿದ ಮೇಲೆ ಎಲ್ಲ ಬಿಟ್ಟುಹೋಯಿತು ಎಂದು 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಠ ಗೊತ್ತು: ಮೊದಲು ನಿದ್ದೆ, ಊಟ, ಔಷಧ ನೋಡಿ, ಆತ್ಮದ ವಿಚಾರ ಆಮೇಲೆ. ಮದುವೆ ಮುರಿಯಲು ಹೊರಟವರಿಗೂ ಇದನ್ನೇ ಹೇಳಿದ್ದೇನೆ, ಕೆಲಸ ಬಿಡಲು ಹೊರಟವರಿಗೂ ಇದನ್ನೇ.

"ದೇವರ ಕೆಲಸಕ್ಕೆ ಹೋದವರನ್ನು ದೇವರೇ ನೋಡಿಕೊಳ್ಳುತ್ತಾನೆ" ಎಂದೂ ಅವರು ಅಂದಿದ್ದಾರೆ. ಕೇಳಲು ಚೆಂದ. ಆಫ್ರಿಕಾದ ಮಿಷನ್ ಚರಿತ್ರೆ ಬೇರೆಯೇ ಹೇಳುತ್ತದೆ. ಕೊಯಮತ್ತೂರಿನಲ್ಲಿ ಬಿಷಪ್ ಆಗಿದ್ದ ಮರಿಯೊನ್ ಬ್ರೆಸಿಯಾಕ್ ಭಾರತ ಬಿಟ್ಟು ಹೋಗಿ, 1856ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಆಫ್ರಿಕಾಕ್ಕೆಂದೇ ಒಂದು ಸಭೆ ಕಟ್ಟಿದರು. 1859ರ ಮೇ ತಿಂಗಳಲ್ಲಿ ಪಶ್ಚಿಮ ಆಫ್ರಿಕಾದ ಫ್ರೀಟೌನಿನಲ್ಲಿ ಇಳಿದರು, ಜೂನ್ 25ಕ್ಕೆ ಹಳದಿ ಜ್ವರದಿಂದ ತೀರಿಕೊಂಡರು. ಅವರಿಗೆ ಭಕ್ತಿ ಕಡಿಮೆ ಇತ್ತೇ? ಅವರ ನಂತರ ಬಂದ ಪ್ಲಾಂಕ್ ಪಾದ್ರಿಗಳು 1876ರಲ್ಲಿ ಅದೇ ಕೆಲಸಕ್ಕೆ ಕನ್ಯಾಸ್ತ್ರೀಯರ ಸಭೆಯನ್ನೂ ಕಟ್ಟಿದರು.

ಇನ್ನೂ ಕಹಿಯಾದದ್ದು 1976ರದು. ಆಗಿನ ಜೈರ್, ಈಗಿನ ಕಾಂಗೊ ದೇಶದ ಯಂಬುಕು ಎಂಬಲ್ಲಿ ಬೆಲ್ಜಿಯಂ ಸಿಸ್ಟರುಗಳು ನಡೆಸುತ್ತಿದ್ದ 120 ಹಾಸಿಗೆಯ ಆಸ್ಪತ್ರೆ. ಹೊರರೋಗಿ ವಿಭಾಗಕ್ಕೆ, ಗರ್ಭಿಣಿಯರ ಕ್ಲಿನಿಕ್ಕಿಗೆ, ವಾರ್ಡುಗಳಿಗೆ ಸೇರಿ ಬೆಳಗ್ಗೆ ಕೊಡುತ್ತಿದ್ದದ್ದು ಐದು ಸಿರಿಂಜು, ಸೂಜಿ. ಒಬ್ಬರಿಗೆ ಚುಚ್ಚಿದ ಮೇಲೆ ಬಿಸಿನೀರಲ್ಲಿ ಜಾಲಾಡಿ ಇನ್ನೊಬ್ಬರಿಗೆ. ಮಲೇರಿಯಾ ಇರಬೇಕೆಂದು ಕ್ಲೋರೋಕ್ವಿನ್ ಚುಚ್ಚಿಸಿಕೊಂಡು ಹೋದ ಒಬ್ಬರಿಂದ ಹಿಡಿದು ಆ ಸೂಜಿಗಳೇ ರೋಗ ಹರಡಿದವು. 318 ಮಂದಿಗೆ ಬಂತು, 280 ಮಂದಿ ಸತ್ತರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಜನ ಉಳಿಯಲಿಲ್ಲ, ಅವರಲ್ಲಿ ಸಿಸ್ಟರುಗಳೂ ಇದ್ದರು. ಎಬೋಲಾ ಎಂಬ ಹೆಸರು ಜಗತ್ತಿಗೆ ತಿಳಿದದ್ದು ಹಾಗೆ. ಆ ಹೆಂಗಸರು ಜೀವವನ್ನೇ ಕೊಟ್ಟವರು, ಅವರನ್ನು ಹಗುರವಾಗಿ ಆಡಲು ನನಗೆ ಬಾಯಿ ಬಾರದು. ಅಲ್ಲಿ ತ್ಯಾಗಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಕುದಿಸಿದ ಸೂಜಿಗೆ. ಚಿಕ್ಕಮ್ಮನವರು ಮುಂದಿನ ಸಲ ಫೋನ್ ಮಾಡಿದಾಗ ಇದನ್ನು ಓದಿ ಹೇಳಬಹುದು. ಹೇಳದಿದ್ದರೂ ನಷ್ಟವಿಲ್ಲ, ಒಂದೆರಡು ತಿಂಗಳು ಅವರ ಫೋನ್ ಎತ್ತದಿದ್ದರೆ ಇನ್ನೂ ಒಳ್ಳೆಯದು.

ನೀವು ಬರೆಯಲು ಹೆದರಿ ಬರೆದ ಸಾಲೂ ಕಣ್ಣಿಗೆ ಬಿತ್ತು: ಪ್ರೊವಿನ್ಶಿಯಲ್‌ಗೆ (ಸಭೆಯ ಪ್ರಾಂತ್ಯದ ಮುಖ್ಯಸ್ಥೆಗೆ) ಮನಸ್ಸಿನ ವಿಷಯ ಹೇಳಿದರೆ "ತಲೆ ಸರಿ ಇಲ್ಲ" ಎಂದು ಕಳಿಸಿಬಿಡುತ್ತಾರೆ. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 689ನೇ ವಿಧಿಯನ್ನು ಯಾರೂ ನಿಮಗೆ ಓದಿ ಹೇಳಿಲ್ಲ ಅನಿಸುತ್ತದೆ. ವ್ರತದ ನಂತರ ಬಂದ ಕಾಯಿಲೆ, ಮನಸ್ಸಿನದ್ದಾದರೂ ಸರಿ, ತಜ್ಞರು ಈ ಜೀವನಕ್ಕೆ ಆಗದು ಎಂದರೆ ಮುಂದಿನ ವ್ರತಕ್ಕೆ ಸೇರಿಸಿಕೊಳ್ಳದಿರಲು ಕಾರಣವಾಗುತ್ತದೆ ನಿಜ. ಆದರೆ ಅದೇ ವಿಧಿಯ ಅದೇ ವಾಕ್ಯದಲ್ಲಿ ಒಂದು ವಿನಾಯಿತಿ ಇದೆ: ಆ ಕಾಯಿಲೆ ಸಭೆಯ ಅಲಕ್ಷ್ಯದಿಂದ ಅಥವಾ ಸಭೆಯಲ್ಲಿ ಮಾಡಿದ ಕೆಲಸದಿಂದ ಬಂದದ್ದಾದರೆ ಅದನ್ನು ಕಾರಣ ಮಾಡುವಂತಿಲ್ಲ. ಮಲಾವಿಗೆ ಕಳಿಸಿದ್ದು ಸಭೆ, ಮಾತ್ರೆ ಮೇಜಿನ ಮೇಲಿಟ್ಟಿದ್ದೂ ಸಭೆ. ವೈದ್ಯರ ಚೀಟಿ, ನಿಮ್ಮ ಹಾಳೆ ಎರಡನ್ನೂ ಜೋಪಾನವಾಗಿಡಿ.

ಗಡುವಿನ ಭಯವೂ ಬೇಡ. 657ನೇ ವಿಧಿ ನೋಡಿ. ಆರು ವರ್ಷವಾದ ಕೂಡಲೇ ಅಂತಿಮ ವ್ರತ ಅಥವಾ ಬಾಗಿಲು ಎಂದೇನಿಲ್ಲ. ಒಟ್ಟು ಒಂಬತ್ತು ವರ್ಷ ದಾಟದಂತೆ ತಾತ್ಕಾಲಿಕ ವ್ರತದ ಅವಧಿಯನ್ನು ಮೇಲಧಿಕಾರಿಗಳು ವಿಸ್ತರಿಸಬಹುದು. ನಿಮ್ಮ ಸಭೆಯ ನಿಯಮಾವಳಿಯಲ್ಲಿ ಅದನ್ನು ಯಾರು ಕೊಡುತ್ತಾರೆ ಎಂದಿದೆಯೋ ಅವರಿಗೆ ಮೂರೇ ವಾಕ್ಯ ಬರೆಯಿರಿ: "ಮಲೇರಿಯಾ ತಡೆ ಔಷಧದ ಪರಿಣಾಮಕ್ಕೆ ಚಿಕಿತ್ಸೆಯಲ್ಲಿದ್ದೇನೆ. ಈ ಸ್ಥಿತಿಯಲ್ಲಿ ಅಂತಿಮ ವ್ರತದ ನಿರ್ಧಾರ ಮಾಡಲಾರೆ. ತಾತ್ಕಾಲಿಕ ವ್ರತವನ್ನು ಒಂದು ವರ್ಷ ವಿಸ್ತರಿಸಬೇಕೆಂದು ಕೋರುತ್ತೇನೆ." ಪ್ರಾರ್ಥನೆಯಲ್ಲಿ ಏನಾಗುತ್ತಿದೆ, ಯಾಕೆ ಅಳು ಎಂಬುದನ್ನು ಆ ಪತ್ರದಲ್ಲಿ ಹಾಕಬೇಡಿ. ಅದು ಅಧಿಕಾರದಲ್ಲಿರುವವರು ಒತ್ತಾಯಿಸಿ ಕೇಳುವ ವಿಷಯವೂ ಅಲ್ಲ.

ಅಲ್ಲಿನ ಜನರ ಭಾಷೆ ಚಿಚೇವಾ ಕಲಿಸದೆ ವಾರ್ಡಿಗೆ ಇಳಿಸಿದರು, ಆಯಾ ಬಾಯಲ್ಲೇ ಎಲ್ಲ ಕೇಳಬೇಕು ಎಂದಿದ್ದೀರಿ. ಹೆರಿಗೆ ನೋವಿನಲ್ಲಿರುವ ಹೆಂಗಸಿಗೆ "ಮುಲಿ ಬ್ವಾಂಜಿ" (ಹೇಗಿದ್ದೀರಿ) ಬಿಟ್ಟು ಬೇರೇನೂ ಹೇಳಲಾಗದ ದಾದಿಯ ಒಂಟಿತನ ದೊಡ್ಡದು. 1869ರಲ್ಲಿ ಆಫ್ರಿಕಾ ಮಿಷನ್ನಿಗೆಂದು ಶ್ವೇತ ಸೋದರಿಯರೆಂಬ ಕನ್ಯಾಸ್ತ್ರೀಯರ ಸಭೆ ಸ್ಥಾಪಿಸಿದ ಬಿಷಪ್ ಲವಿಜರಿ ತಮ್ಮ ಮಿಷನರಿಗಳಿಗೆ ಊರವರ ಭಾಷೆ ಕಲಿಯಲೇಬೇಕೆಂದು ಅಪ್ಪಣೆ ಮಾಡಿದ್ದರು. ನೂರೈವತ್ತು ವರ್ಷ ಕಳೆದ ಮೇಲೂ ಇದನ್ನು ಹೇಳಿಸಿಕೊಳ್ಳಬೇಕೇ? ಆದರೆ ಅದು ಆಮೇಲೆ. ಚೇತರಿಸಿಕೊಂಡ ಮೇಲೆ ಮೂರು ತಿಂಗಳ ಭಾಷಾ ತರಬೇತಿ ಕೇಳಿ, ಕೊಡದಿದ್ದರೆ ಮತ್ತೆ ಬರೆಯಿರಿ.

ನೀವು ಕೇಳಿದ ಪ್ರಶ್ನೆಗೆ ಉತ್ತರ: ಎರಡೂ ಕಾಗದ ಕೊಡಬೇಡಿ. ಮೆಫ್ಲೋಕ್ವಿನ್ ಅರ್ಧದಷ್ಟು ಮೈಯಿಂದ ಇಳಿಯಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಹೋಗಲು ತಿಂಗಳುಗಳು. ಕೊನೆಯ ಮಾತ್ರೆಯಿಂದ ನಾಲ್ಕು ತಿಂಗಳು ಎಣಿಸಿ, ಅಲ್ಲಿಯವರೆಗೆ ವ್ರತದ ಬಗ್ಗೆ ಯಾವ ನಿರ್ಧಾರವೂ ಬೇಡ. ಆಮೇಲೂ ಮನಸ್ಸು ಬಿಡುವ ಕಡೆಗೇ ಇದ್ದರೆ, ಅವಧಿ ಮುಗಿದ ದಿನ ಯಾರ ಅನುಮತಿಯೂ ಇಲ್ಲದೆ ತಲೆಯೆತ್ತಿ ಹೊರಡಬಹುದು, 688ನೇ ವಿಧಿ ಅದಕ್ಕೇ ಇರುವುದು. ಅಮ್ಮನ ಮನೆಗೆ ಹೋಗಬೇಕು ಅನಿಸಿದರೆ ಈ ನಡುವೆಯೇ ರಜೆ ಕೇಳಿ ಒಂದು ತಿಂಗಳು ಬಂದು ಹೋಗಿ, ರಜೆ ಬೇರೆ, ಬಿಡುವುದು ಬೇರೆ. ಬಂದಾಗ ಊರಿನಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಅವತ್ತೇ ಡಾಕ್ಟರ ಬಳಿ ಹೋಗಿ "ಮಲಾವಿಯಿಂದ ಬಂದಿದ್ದೇನೆ, ಫಾಲ್ಸಿಪಾರಮ್ ಇದೆಯಾ ನೋಡಿ, ಈ ತನಕ ತೆಗೆದುಕೊಂಡ ತಡೆ ಔಷಧ ಇಂಥದ್ದು" ಅಂತ ನೀವಾಗಿಯೇ ಹೇಳಿ.